ಬಳ್ಳಾರಿಯಾಗ ಮೆಟಲ್ ಬ್ಯಾಂಡ್ ಕಟ್ಬೇಕಂದ್ರ ಮೊದ್ಲು ಆಲ್ಬಮ್ ಹಂಚ್ರಿ

ನಮ್ಮ ಕಡೆ ಮೆಟಲ್ (ಜೋರು ಗಿಟಾರ್, ಭಾರದ ಡ್ರಮ್ಮಿನ ರಾಕ್) ಬ್ಯಾಂಡ್ ಮಾಡ್ಬೇಕು ಅನ್ನೋ ಹುಡುಗ್ರು ಮೊದ್ಲು ಮಾಡೋ ಕೆಲ್ಸ ಅಂದ್ರ "ಡ್ರಮ್ಮರ್ ಬೇಕಾಗ್ಯಾನ" ಅಂತ ಸ್ಟೇಟಸ್ ಹಾಕೋದು. ಸಿಗಂಗಿಲ್ರೀ. ಸಿಕ್ರೂ ಆರ್ಕೆಸ್ಟ್ರಾದಾಗ ಬಾರ್ಸೋರು ಸಿಗ್ತಾರ, ಕೈ ಭಾಳ ಚಲೋ ಇರ್ತೈತಿ, ಆದ್ರ ಮದ್ವಿ ಸೀಸನ್ ಬಂತಂದ್ರ ನಿಮ್ಮ ಫೋನೂ ಎತ್ತಂಗಿಲ್ಲ, ಅವ್ರದೂ ಹೊಟ್ಟಿಪಾಡು ತಪ್ಪಲ್ಲ. ಬೆಂಗ್ಳೂರಾಗ ಹುಡುಕಿದ್ರ ಮೆಟಲ್ ಬಾರ್ಸೋರು ಸಿಗ್ತಾರ, ಇಲ್ಲಿ ಮೊದ್ಲು ಕೇಳೋರ್ನ ತಯಾರ್ ಮಾಡ್ಬೇಕು, ಆಮ್ಯಾಲೆ ಅವ್ರೊಳಗ ಒಬ್ರು ಇಬ್ರು ಬಾರ್ಸೋಕೆ ಶುರು ಮಾಡ್ತಾರ. ಅದಕ್ಕ ಈ ಗೈಡಿನ ಅರ್ಧ ಭಾಗ ಆಲ್ಬಮ್ ಕೊಡೋದ್ರ ಬಗ್ಗೆನ ಐತಿ.

ಒಬ್ಬರಿಗೆ ಒಂದ ಆಲ್ಬಮ್ ಕೊಡ್ರಿ. ಐವತ್ತು ಹಾಡಿನ ಪ್ಲೇಲಿಸ್ಟ್ ಕಳ್ಸಿದ್ರ ಮೊದಲ್ನೇ ಹಾಡಿನ ಅರ್ಧಕ್ಕ ಬಂದ್ ಮಾಡಿ "ಸೂಪರ್ ಮಗಾ" ಅಂತ ಮೆಸೇಜ್ ಹಾಕ್ತಾರ, ಅಲ್ಲಿಗೆ ಮುಗೀತು. ಇನ್ನೊಂದು, ನಿಮಗ ಇಷ್ಟ ಇರೋ ಆಲ್ಬಮ್ ಕೊಡಬ್ಯಾಡ್ರಿ, ಅವ್ರು ಈಗ ಏನ್ ಕೇಳ್ತಾರ ಅಂತ ಕೇಳಿ ಅದಕ್ಕ ಹತ್ರ ಇರೋದು ಕೊಡ್ರಿ.

ಜಾತ್ರಿಯಾಗ ಹಲಗಿ ಬಡಿಯೋ ಹುಡುಗ ಇದ್ದಾನ ಅಂದ್ರ ಅವ್ನಿಗೆ ಸೆಪಲ್ಚುರಾದವ್ರ 'ರೂಟ್ಸ್', 1996ರದ್ದು. ಬ್ರೆಜಿಲ್ ಬ್ಯಾಂಡು, ಅಲ್ಲಿನ ಶಾವಾಂತೆ ಬುಡಕಟ್ಟಿನವ್ರ ಜೊತಿ ಕುಂತು ರೆಕಾರ್ಡ್ ಮಾಡ್ಯಾರ, ಕಾರ್ಲಿನ್ಯೋಸ್ ಬ್ರೌನ್ ಅಂತ ತಾಳವಾದ್ಯದವ್ರನ್ನೂ ಕರ್ಸಿದ್ರು, ಗಿಟಾರ್ ತಲಿಗೆ ಹೋಗ್ದಿದ್ರೂ ಆ ಬಡ್ತಕ್ಕ ಅವ್ನ ಕೈ ತಾನ ಕುಣೀತೈತಿ. ದೊಡ್ಡಾಟ ನೋಡಿ ಬೆಳ್ದೋರು, ಗಂಟಲು ಬಿಟ್ಟು ಹಾಡೋದನ್ನ ಇಷ್ಟ ಪಡೋರು ಇದ್ರ ಡಿಯೋ ಅವರ 'ಹೋಲಿ ಡೈವರ್' (1983), ಇಲ್ಲಾ ಐರನ್ ಮೇಡನ್‌ದ 'ದಿ ನಂಬರ್ ಆಫ್ ದಿ ಬೀಸ್ಟ್' (1982). ಬ್ರೂಸ್ ಡಿಕಿನ್ಸನ್ ಆ ಬ್ಯಾಂಡಿಗೆ ಬಂದು ಹಾಡಿದ ಮೊದಲ್ನೇ ಆಲ್ಬಮ್ ಅದು. ತೆಲುಗು ಮಾಸ್ ಹಾಡು, ಡಿಜೆ ಅಂತ ಓಡಾಡೋರಿಗೆ ದಿಲ್ಲಿಯ ಬ್ಲಡಿವುಡ್, ಆಲ್ಬಮ್ 'ರಕ್ಷಕ್', 2022. ಢೋಲು, ಕೊಳಲು ಎಲ್ಲಾ ಐತಿ, ಕಷ್ಟ ಪಡದ ಒಳ್ಗ ಹೋಗ್ತಾರ.

ತೋರಣಗಲ್ಲಿನ ಉಕ್ಕಿನ ಪ್ಲಾಂಟಿನಾಗ ಶಿಫ್ಟ್ ಮಾಡೋ ದೋಸ್ತ್ ಇದ್ರ ಬ್ಲ್ಯಾಕ್ ಸಬ್ಬತ್ ಬಿಟ್ಟು ಬ್ಯಾರೆ ಕೊಡಬ್ಯಾಡ್ರಿ. ಆ ಬ್ಯಾಂಡಿನ ಗಿಟಾರಿಸ್ಟ್ ಟೋನಿ ಅಯೋಮಿ ಬರ್ಮಿಂಗ್‌ಹ್ಯಾಮಿನ ತಗಡಿನ ಫ್ಯಾಕ್ಟರಿಯಾಗ ಕೆಲ್ಸ ಮಾಡೋವಾಗ 17ನೇ ವಯಸ್ಸಿಗೆ ಮಷೀನಿಗೆ ಸಿಕ್ಕು ಬಲಗೈ ಎರಡು ಬೆರಳಿನ ತುದಿ ಕಟ್ ಆದ್ವು, ಆತ ಎಡಚ, ಅಂದ್ರ ತಂತಿ ಒತ್ತೋ ಕೈನ ಹೋತು. ಪ್ಲಾಸ್ಟಿಕ್ ಬಾಟ್ಲಿ ಕರಗ್ಸಿ ಬೆರಳಿಗೆ ಟೋಪಿ ಮಾಡ್ಕೊಂಡ, ತೆಳ್ಳಗಿನ ತಂತಿ ಹಾಕ್ಕೊಂಡ, 1971ರ 'ಮಾಸ್ಟರ್ ಆಫ್ ರಿಯಾಲಿಟಿ'ಯಾಗ ಭಾಳಷ್ಟು ಹಾಡಿಗೆ ಗಿಟಾರನ್ನ ಒಂದೂವರೆ ಸ್ವರ ಕೆಳಗ ಇಳ್ಸಿ ತಂತಿ ಸಡ್ಲ ಮಾಡಿದ, ಆ ಭಾರದ ಸೌಂಡ್ ಕೇಳಿ ಮುಂದ ಬಂದೋರೆಲ್ಲ ಕಲ್ತ್ರು. ಈ ಕತಿ ಹೇಳಿ ಆಲ್ಬಮ್ ಕೊಡ್ರಿ, ಮಷೀನ್ ಮುಂದ ನಿಲ್ಲೋನಿಗೆ ಬ್ಯಾರೆ ವಿವರಣಿ ಬೇಕಾಗಂಗಿಲ್ಲ.

ಸ್ಲೇಯರ್‌ದ 'ರೇನ್ ಇನ್ ಬ್ಲಡ್' (1986) ಇಡೀ ಆಲ್ಬಮ್ 29 ನಿಮಿಷ, ಒಂದು ಕರೆಂಟ್ ಕಟ್ಟಿನಾಗ ಮುಗೀತೈತಿ, ಆದ್ರ ಹೊಸಬರಿಗೆ ಅದು ಬ್ಯಾಡ. ಗಂಟಲಿನಾಗ ಗುರ್ ಅನ್ನೋ ಹಾಡಿಕಿನೂ ಮೊದ್ಲಿಗೆ ಬ್ಯಾಡ, ಕೊಡ್ಲೇಬೇಕು ಅಂದ್ರ ಓಪೆತ್‌ದ 'ಬ್ಲ್ಯಾಕ್‌ವಾಟರ್ ಪಾರ್ಕ್' (2001), ಅದ್ರಾಗ ನಡುನಡುವೆ ಮೆತ್ತಗಿನ ಭಾಗ ಬರ್ತಾವ, ಉಸಿರಾಡ್ಲಿಕ್ಕೆ ಜಾಗ ಸಿಗ್ತೈತಿ. "ಇದೆಲ್ಲಾ ಫಾರಿನ್ನೋರ್ದು, ನಮ್ಮೋರ ಕೈಲಿ ಆಗಲ್ಲ" ಅನ್ನೋರಿಗೆ ಬೆಂಗ್ಳೂರಿನ ಕ್ರಿಪ್ಟಾಸ್, 1998ರಿಂದ ಬಾರ್ಸ್ತಾ ಅದಾರ, 'ಬರ್ನ್ ಅಪ್ ದಿ ನೈಟ್' (2016) ಕೊಡ್ರಿ.

ಕೊಡೋವಾಗ ಇಯರ್‌ಫೋನ್ ಹಾಕ್ಕೊಂಡು ಕೇಳು ಅಂತ ಹೇಳ್ರಿ, ಮೊಬೈಲ್ ಸ್ಪೀಕರಿನಾಗ ಬೇಸ್ ಗಿಟಾರೂ ಕಾಲಿಲೆ ಬಾರ್ಸೋ ದೊಡ್ಡ ಕಿಕ್ ಡ್ರಮ್ಮೂ ಕೇಳಂಗಿಲ್ಲ, ಬರೀ ತಗಡು ಉಜ್ಜಿದ ಸದ್ದು. ಮರುದಿನ "ಹೆಂಗಿತ್ತಲೇ" ಅಂತ ಬೆನ್ನು ಹತ್ತಬ್ಯಾಡ್ರಿ. ತಾನಾಗೇ ಫೋನ್ ಮಾಡಿ "ಅಣ್ಣಾ ಇಂಥದ್ದು ಇನ್ನೊಂದು ಇದ್ರ ಕಳ್ಸು" ಅಂದೋನು ನಿಮ್ಮ ಬ್ಯಾಂಡಿನೋನು, ಅವ್ನಿಗೆ ಏನೂ ಬಾರ್ಸೋಕೆ ಬರ್ದಿದ್ರೂ ಸೈ.

ಈಗ ಬಾರ್ಸೋ ವಿಷ್ಯ. ಎಲ್ಲಾರೂ ಇಷ್ಟಪಟ್ಟ ಆಲ್ಬಮಿಂದ ನಿಧಾನ ಇರೋ ಹಾಡೊಂದು ಆರಿಸ್ರಿ, ಸಬ್ಬತ್ ಇದ್ರ ಭಾಳ ಅನುಕೂಲ. ಗಿಟಾರಿನ ಎಲ್ಲಾಕ್ಕಿಂತ ದಪ್ಪ ತಂತಿನ 'ಇ' ಸ್ವರದಿಂದ 'ಡಿ'ಗೆ ಇಳ್ಸಿದ್ರ ಅದಕ್ಕ ಡ್ರಾಪ್ ಡಿ ಅಂತಾರ, ಆಗ ದಪ್ಪನ ಮೂರು ತಂತಿ ಮ್ಯಾಲೆ ಒಂದ ಬೆರಳು ಅಡ್ಡ ಇಟ್ರ ಪವರ್ ಕಾರ್ಡ್ (ಎರಡು ಸ್ವರ ಕೂಡಿದ ಗಟ್ಟಿ ಸದ್ದು) ಬರ್ತೈತಿ, ಹೊಸಬರಿಗೆ ಅರ್ಧ ಕಷ್ಟ ಕಮ್ಮಿ. ಮೊಬೈಲಿನಾಗ ಮೆಟ್ರೊನೋಮ್ (ಟಿಕ್ ಟಿಕ್ ಅಂತ ತಾಳ ಹಾಕೋ ಆ್ಯಪ್) ಹಾಕ್ರಿ, ಹಾಡಿನ ವೇಗ ನಿಮಿಷಕ್ಕ 120 ಬಡ್ತ ಇದ್ರ 70ಕ್ಕ ಶುರು ಮಾಡಿ, ತಪ್ಪಿಲ್ದ ಬಂದ್ಮ್ಯಾಲೆ ಐದೈದು ಏರಿಸ್ರಿ. ಹಲಗಿ ಹುಡುಗನಿಗೆ ಕೈ ಆಗಲೇ ಬಂದಿರ್ತೈತಿ, ಕಾಲಿಗೆ ಟೈಮ್ ಬೇಕು, ಅದಕ್ಕ ಮೊದ್ಲಿಗೇ ಡಬಲ್ ಪೆಡಲ್ (ಎರಡೂ ಕಾಲಿಲೆ ಕಿಕ್ ಡ್ರಮ್ ಬಾರ್ಸೋದು) ಕೊಳ್ಳಬ್ಯಾಡ್ರಿ, ಕುರ್ಚಿ ಮ್ಯಾಲೆ ಕುಂತು ನೆಲ ತುಳೀಲಿ.

ಜಾಗ ಅಂದ್ರ ನಮ್ಮೂರಾಗ ಗೋಡೌನು. ಗೋಡಿ ಸದ್ದು ಗುಂಯ್ ಅಂತಿದ್ರ ಜೀನ್ಸ್ ಯೂನಿಟ್ಟಿನಾಗ ಉಳ್ದ ಬಟ್ಟಿ ತುಂಡು ಕೇಳಿ ತಗೊಳ್ರಿ, ಬಳ್ಳಾರಿಯಾಗ ಅದಕ್ಕೇನು ಬರ ಇಲ್ಲ, ದಪ್ಪಗ ಹೊಲ್ಸಿ ನೇತು ಹಾಕಿದ್ರ ಒಳಗಿನ ಎಕೋ ಕಮ್ಮಿ ಆಗ್ತೈತಿ, ಉಳ್ದದ್ದು ಕಿಕ್ ಡ್ರಮ್ ಒಳ್ಗ ತುಂಬ್ರಿ. ಹೊರಗ ಹೋಗೋ ಸದ್ದು ಮಾತ್ರ ಬಟ್ಟಿಯಿಂದ ನಿಲ್ಲಂಗಿಲ್ಲ. ಅದಕ್ಕ ಬಾಜು ಮನಿಗೆ ಮೊದ್ಲೇ ಹೋಗಿ "ಅಕ್ಕಾರ, ಭಾನುವಾರ ಬೆಳಿಗ್ಗೆ ಎಂಟರಿಂದ ಹತ್ತರ ತನ ಸ್ವಲ್ಪ ಗದ್ದಲ ಇರ್ತೈತ್ರಿ, ತಡ್ಕೊಳ್ರಿ" ಅಂತ ಹೇಳಿ ಬರ್ರಿ, ಹತ್ತಕ್ಕ ಬಂದ್ ಅಂದ್ರ ಬಂದ್. ಏಪ್ರಿಲ್ ಮೇ ಬಿಸ್ಲಿಗೆ ತಗಡಿನ ಶೀಟ್ ಕೆಳಗ ಮಧ್ಯಾಹ್ನ ಹೆಂಗೂ ನಿಲ್ಲಾಕಾಗಂಗಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಟೈಮಿನಾಗ ಆಂಪ್ (ಗಿಟಾರ್ ಸದ್ದು ಜೋರು ಮಾಡೋ ಪೆಟ್ಟಿಗಿ) ಮುಟ್ಟಬ್ಯಾಡ್ರಿ, ಓಣಿಯೋರು ಒಮ್ಮೆ ತಿರುಗಿ ಬಿದ್ರ ಆ ಗೋಡೌನ್ ಮತ್ತ ಸಿಗಂಗಿಲ್ಲ.

ಅರ್ಥಿಂಗ್ ಬಗ್ಗೆ ಸೀರಿಯಸ್ಸಾಗಿ ಕೇಳ್ರಿ. ಗಿಟಾರ್ ತಂತಿ ಹಿಡ್ಕೊಂಡು ಮೈಕಿಗೆ ತುಟಿ ತಾಗ್ಸಿದಾಗ ಜುಂ ಅಂತಂದ್ರ ಅದು ನಗೋ ವಿಷ್ಯ ಅಲ್ಲ, ಜೀವ ಹೋಗ್ತೈತಿ. ಪ್ಲಗ್ಗಿನ ಮೂರನೇ ಪಿನ್ ಮುರೀಬ್ಯಾಡ್ರಿ, ಆಂಪು, ಸೌಂಡ್ ಮಿಕ್ಸರ್ ಎಲ್ಲಾ ಅರ್ಥ್ ಇರೋ ಒಂದ ಬೋರ್ಡಿಗೆ ಹಾಕ್ರಿ, ಎಲೆಕ್ಟ್ರಿಷಿಯನ್ ಕರ್ಸಿ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನ ಬಂದ್ ಮಾಡೋ ಸ್ವಿಚ್ಚು) ಹಾಕಿಸ್ರಿ. ನಮ್ಮ ಕಡೆ ಬ್ಯಾಸಿಗಿಯಾಗ ಮಣ್ಣು ಒಣಗಿ ಅರ್ಥಿಂಗ್ ಗುಂಡಿ ಕೆಲ್ಸಕ್ಕ ಬರಂಗಿಲ್ಲ, ಅದಕ್ಕ ಆಗಾಗ ನೀರು ಹಾಕ್ಬೇಕು. ಕಿವಿಗೂ ಒಂದು ಮಾತು: 100 ಡೆಸಿಬಲ್ ಸದ್ದು ದಿನಕ್ಕ 15 ನಿಮಿಷ ದಾಟಬಾರ್ದು ಅಂತ ಕೆಲ್ಸ ಮಾಡೋರ ಆರೋಗ್ಯ ನೋಡೋ ಅಮೆರಿಕದ ನಯೋಶ್ ಸಂಸ್ಥಿ ಲೆಕ್ಕ, ಸಣ್ಣ ರೂಮಿನಾಗ ಡ್ರಮ್ ಇದ್ರ ಅದು ಲಗೂನ ದಾಟ್ತೈತಿ, ಮೆಡಿಕಲ್ ಶಾಪಿನಾಗ ಫೋಮ್ ಇಯರ್‌ಪ್ಲಗ್ ಸಿಗ್ತಾವ.

ಮೊದಲ್ನೇ ಶೋ ಕಾಲೇಜ್ ಫಂಕ್ಷನ್ನೋ ಗಣಪತಿ ಪೆಂಡಾಲೋ ಆಗಿರ್ತೈತಿ. ಮೂರ ಹಾಡು ಸಾಕು, ಒಂದ್ರಾಗ ನಡುವ ಹಲಗಿ ಬಿಡ್ರಿ, ಮೆಟಲ್ ಅಂದ್ರೇನು ಗೊತ್ತಿಲ್ದೋರೂ ಅಲ್ಲಿ ಎದ್ದು ನಿಲ್ತಾರ. ರಾತ್ರಿ ಹತ್ತರ ಮ್ಯಾಲೆ ಲೌಡ್‌ಸ್ಪೀಕರ್ ಹಚ್ಚಂಗಿಲ್ಲ, ಭಾಷಣ ಉದ್ದ ಆಗಿ ನಿಮ್ಮ ಟೈಮ್ ತಿನ್ನೋದು ಗ್ಯಾರಂಟಿ, ಅದಕ್ಕ ಚಲೋ ಹಾಡು ಕಡೀಗೆ ಅಂತ ಇಟ್ಕೋಬ್ಯಾಡ್ರಿ. ಮತ್ತ ಸೌಂಡ್ ಸಿಸ್ಟಮ್ ಅಣ್ಣಾರು ಮೈಕಿಗೆ ಎಕೋ ಹಾಕೇ ಇರ್ತಾರ, ಅವ್ರಿಗೆ ಚಾ ಕುಡ್ಸಿ, ನಿಮ್ಮ ಹಾಡಿನ ಒರಿಜಿನಲ್ ಮೊಬೈಲಿನಾಗ ಕೇಳ್ಸಿ, "ಅಣ್ಣಾ ಎಕೋ ಪೂರ್ತಿ ತೆಗೀರಿ, ಗಿಟಾರ್ ಸ್ವಲ್ಪ ಎತ್ರಿ" ಅಂತ ಸಂಜಿನ ಹೇಳಿಡ್ರಿ, ಸ್ಟೇಜ್ ಹತ್ತಿದ ಮ್ಯಾಲೆ ಕೈಸನ್ನಿ ಮಾಡಿದ್ರ ಅವ್ರು ವಾಲ್ಯೂಮ್ ಇನ್ನೂ ಏರಿಸ್ತಾರ.