ಒಂದೇ ಶೀಟಿನಲ್ಲಿ ಪುಸ್ತಕದ ಕಪಾಟು: ಕೊಯ್ಸುವ ಮೊದಲು ಲೆಕ್ಕ ಹಾಕಿ

ಡ್ರಿಲ್ ಹಿಡಿಯುವುದು ಯಾರಿಗಾದರೂ ಬೇಗ ಬರುತ್ತದೆ. ಹಲಗೆಗಳ ಅಳತೆ ಬರೆಯುವುದು ಮಾತ್ರ ಅಷ್ಟು ಸಲೀಸಲ್ಲ, ಮನೆಯಲ್ಲೇ ಪ್ಲೈವುಡ್ ಕೆಲಸಕ್ಕೆ ಕೈ ಹಾಕಿದವರು ಎಡವುವುದು ಬಹುತೇಕ ಇಲ್ಲೇ. ಬಳ್ಳಾರಿಯ ಕೌಲ್ ಬಜಾರ್‌ನ ಒಂದು ಹಳೇ ಮನೆಯಲ್ಲಿ ಗೋಡೆಯ ಗೂಡಿಗೆ ಕೂರುವಂಥ ಕಪಾಟು ಮಾಡಲು ಹೊರಟಿದ್ದರು. ಗೂಡಿನ ಅಗಲ 760 ಮಿ.ಮೀ. ಕಪಾಟು 750 ಇರಲಿ ಅಂದುಕೊಂಡು ಅಡ್ಡ ಹಲಗೆಗಳನ್ನೇ 750ಕ್ಕೆ ಕೊಯ್ಸಿದರು. ಎರಡೂ ಪಕ್ಕದ ಹಲಗೆ ಸೇರಿ ಕಪಾಟು 786 ಆಯಿತು. ಅದು ಗೊತ್ತಾಗಿದ್ದು ಫೆವಿಕಾಲ್ ಒಣಗಿ, ಎತ್ತಿ ಗೂಡಿನ ಮುಂದೆ ತಂದಾಗ.

ಅದಕ್ಕೇ ಈ ಲೇಖನದಲ್ಲಿ ಅಳತೆಯ ಮಾತೇ ಜಾಸ್ತಿ. ಐದಡಿ ಎತ್ತರ, ಎರಡೂವರೆ ಅಡಿ ಅಗಲ, ಒಂದಡಿ ಆಳದ ಪುಸ್ತಕದ ಕಪಾಟನ್ನು ಒಂದೇ ಶೀಟಿನಲ್ಲಿ ಮಾಡೋಣ, ಬೆನ್ನಿಗೆ ಮಾತ್ರ ಬೇರೆ ತೆಳು ಪ್ಲೈ ಬೇಕು. ಮೊದಲ ಸಲಕ್ಕೆ ಇಷ್ಟು ಸಾಕು. ಬಾಗಿಲು, ಡ್ರಾಯರ್ ಎರಡೂ ಬೇಡ.

ಯಾವ ಪ್ಲೈ ತರಬೇಕು

18 ಮಿ.ಮೀ. ದಪ್ಪದ್ದು. ದುಡ್ಡು ಉಳಿಸಲು 12 ಮಿ.ಮೀ. ತರಬೇಡಿ. 18ರ ಹಲಗೆ 12ರದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ, ಪುಸ್ತಕದ ಭಾರ ಅಂದರೆ ಸಾಮಾನ್ಯ ಭಾರ ಅಲ್ಲ. ಅಗಲವನ್ನೂ ಎರಡೂವರೆ ಅಡಿ ದಾಟಿಸಬೇಡಿ. ಅದೇ ಭಾರಕ್ಕೆ ಹಲಗೆಯ ಉದ್ದ ದುಪ್ಪಟ್ಟಾದರೆ ಬಾಗು ಎಂಟು ಪಟ್ಟಾಗುತ್ತದೆ.

ಅಂಗಡಿಯಲ್ಲಿ 'ವಾಟರ್‌ಪ್ರೂಫ್' ಅಂತ ದೊಡ್ಡದಾಗಿ ಮುದ್ರೆ ಹೊಡೆದ ಶೀಟು ತೋರಿಸುತ್ತಾರೆ. ಆ ಮಾತಿಗೆ ಬೆಲೆ ಇಲ್ಲ. ಐಎಸ್‌ಐ ಗುರುತು, ಅದರ ಮೇಲೆ ಐಎಸ್ 303 ಅಥವಾ ಐಎಸ್ 710, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರು ಇದೆಯಾ ನೋಡಿ. ಆ ನಂಬರನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಅಲ್ಲೇ ನಿಂತು ತಿಳಿಯಬಹುದು. 303ರಲ್ಲಿ ಎಂಆರ್ (ತೇವ ತಡೆಯುವುದು), ಬಿಡಬ್ಲ್ಯೂಆರ್ (ಕುದಿಯುವ ನೀರನ್ನೂ ತಡೆಯುವುದು) ಅಂತ ಎರಡು ದರ್ಜೆ. ಒಣ ಕೋಣೆಗೆ ಎಂಆರ್ ನಡೆಯುತ್ತದೆ. ಸಿರುಗುಪ್ಪ, ಗಂಗಾವತಿ ಕಡೆ ಕಾಲುವೆ ನೀರಾವರಿಯ ಊರುಗಳಲ್ಲಿ ಗೋಡೆ ಕೆಳಗಡೆ ತೇವ ಹಿಡಿದಿದ್ದರೆ ಬಿಡಬ್ಲ್ಯೂಆರ್ ತಗೊಳ್ಳಿ. 710 ಮರೀನ್ ಪ್ಲೈ. ಅದು ಅಡುಗೆಮನೆ ಸಿಂಕಿನ ಕೆಳಗೆ ಬೇಕು, ಪುಸ್ತಕಕ್ಕೆ ಬೇಡ. ಇನ್ನೊಂದು ಮಾತು: ನೀರು ತಡೆಯುವ ಪ್ಲೈ ಎಲ್ಲವೂ ಗೆದ್ದಲು ತಡೆಯುವುದಿಲ್ಲ. ಗೆದ್ದಲಿಗೆ ಔಷಧಿ ಕೊಟ್ಟಿದ್ದಾ ಅಂತ ಬೇರೆಯಾಗಿಯೇ ಕೇಳಿ.

ಶೀಟಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಪದರಗಳ ನಡುವೆ ಸಂದು, ಕಪ್ಪು ತೂತು ಕಂಡರೆ ಬಿಟ್ಟು ಬನ್ನಿ, ಅಲ್ಲಿಗೆ ಹಾಕಿದ ಸ್ಕ್ರೂ ನಿಲ್ಲುವುದಿಲ್ಲ. ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದರೆ ಒಳಗೆ ಪೊಳ್ಳು ಇರುವ ಜಾಗ ಸದ್ದಿನಲ್ಲೇ ತಿಳಿಯುತ್ತದೆ. ಪಾರ್ಟಿಕಲ್ ಬೋರ್ಡನ್ನು ಪ್ಲೈ ಅಂತ ಮಾರುವವರೂ ಇದ್ದಾರೆ. ಅಂಚಿನಲ್ಲಿ ಪದರ ಕಾಣದೆ ಪುಡಿ ಒತ್ತಿದಂತೆ ಕಂಡರೆ ಅದು ಪ್ಲೈ ಅಲ್ಲ.

ತಂದ ಶೀಟನ್ನು ಮಾಳಿಗೆಯ ಬಿಸಿಲಲ್ಲಿ ಗೋಡೆಗೆ ಒರಗಿಸಿ ಇಡಬೇಡಿ. ನಮ್ಮ ಏಪ್ರಿಲ್ ಬಿಸಿಲಿಗೆ ಸೊಟ್ಟಗಾದ ಶೀಟು ಮತ್ತೆ ನೆಟ್ಟಗಾಗುವುದಿಲ್ಲ. ಒಳಗೆ ನೆಲದ ಮೇಲೆ ಮಲಗಿಸಿ.

ಅಳತೆ, ಕಾಗದ, ಪೆನ್ಸಿಲ್

ಇಲ್ಲಿ ನಿಧಾನ ಮಾಡಿ. ಒಂದು ಸಂಜೆ ಪೂರ್ತಿ ಹೋದರೂ ಹೋಗಲಿ.

ಮಿಲಿಮೀಟರ್‌ನಲ್ಲೇ ಬರೆಯಿರಿ. ಇಂಚು, ನೂಲು ಲೆಕ್ಕ ಕೈ ಪಳಗಿದ ಬಡಿಗರಿಗೆ ಸರಿ, ಹೊಸಬರು ಕಾಲು ಇಂಚು, ಅರೆಕಾಲು ಇಂಚು ಕೂಡುವಾಗ ತಪ್ಪುತ್ತಾರೆ. ಗೂಡಿನಲ್ಲಿ ಇಡುವುದಾದರೆ ಅದರ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿರಿ. ಕಲ್ಲು ಮಣ್ಣಿನ ಹಳೇ ಗೋಡೆಗಳಲ್ಲಿ ಮೂರೂ ಒಂದೇ ಬರುವುದು ಅಪರೂಪ. ಮೂರರಲ್ಲಿ ಚಿಕ್ಕದನ್ನು ಹಿಡಿದು, ಅದರಲ್ಲಿ 10 ಕಳೆಯಿರಿ. ನಮ್ಮ ಲೆಕ್ಕದಲ್ಲಿ 760 ಹೋಗಿ 750.

ಈಗ ಯಾವ ಹಲಗೆ ಯಾವುದರ ನಡುವೆ ಕೂರುತ್ತದೆ ಅನ್ನುವುದನ್ನು ಚಿತ್ರ ಬಿಡಿಸಿ ನೋಡಿ. ಚಿತ್ರದಲ್ಲಿ ಹಲಗೆಗೆ ಒಂದೇ ಗೆರೆ ಎಳೆಯಬೇಡಿ, ದಪ್ಪ ಕಾಣುವಂತೆ ಎರಡು ಗೆರೆ ಎಳೆಯಿರಿ. ಕೌಲ್ ಬಜಾರ್‌ನ ಮನೆಯವರ ಚಿತ್ರದಲ್ಲಿ ಇದ್ದಿದ್ದು ಒಂದೊಂದೇ ಗೆರೆ. ನಮ್ಮ ಕಪಾಟಿನಲ್ಲಿ ಅಡ್ಡ ಹಲಗೆಗಳು ಎರಡು ಪಕ್ಕಗಳ ನಡುವೆ ಕೂರುತ್ತವೆ, ಆದ್ದರಿಂದ ಅವುಗಳ ಉದ್ದ 750ರಲ್ಲಿ ಎರಡು 18 ಕಳೆದು 714. ಮೇಲಿನ ಹಲಗೆ ಪಕ್ಕಗಳ ತಲೆಯ ಮೇಲೆ ಕೂರುತ್ತದೆ, ಅದಕ್ಕೆ ಅದರ ಉದ್ದ ಪೂರ್ತಿ 750. ಪಕ್ಕಗಳ ಎತ್ತರ 1500ರಲ್ಲಿ ಒಂದು 18 ಕಳೆದು 1482. ಕೆಳಗಿನ ಹಲಗೆ ನೆಲದಿಂದ 80 ಮಿ.ಮೀ. ಮೇಲೆ ಇರಲಿ, ನೆಲ ಒರೆಸುವ ನೀರು ಅದಕ್ಕೆ ತಾಗಬಾರದು. ಆ 80ರ ಮುಂದೆ 714 ಉದ್ದದ ಒಂದು ಪಟ್ಟಿ.

ಒಟ್ಟು: ಪಕ್ಕ 1482ರದ್ದು ಎರಡು, ಅಡ್ಡ ಹಲಗೆ 714ರದ್ದು ನಾಲ್ಕು, ಮೇಲಿನದು 750ರದ್ದು ಒಂದು. ಎಲ್ಲದರ ಆಳ 300. ನಾಲ್ಕು ಖಾನೆ, ಒಂದೊಂದರ ಎತ್ತರ 332ರ ಆಸುಪಾಸು. ಎ4 ಕಾಗದ 297 ಎತ್ತರ ಇರುವುದರಿಂದ ಆರಾಮಾಗಿ ಹಿಡಿಯುತ್ತದೆ.

ಇದೆಲ್ಲ ದಪ್ಪ ನಿಜಕ್ಕೂ 18 ಇದ್ದರೆ ಮಾತ್ರ. 18 ಅಂತ ಕೊಟ್ಟ ಶೀಟು ಅಳೆದರೆ 17 ಇರುವುದು ಬೇಕಾದಷ್ಟು. ವರ್ನಿಯರ್ ಕ್ಯಾಲಿಪರ್ ಸಿಕ್ಕರೆ ಅದರಿಂದ ಅಳೆದು, ಬಂದ ಅಳತೆಯನ್ನೇ ಕಳೆಯಿರಿ.

ಶೀಟು 2440 ಉದ್ದ, 1220 ಅಗಲ. ಉದ್ದಕ್ಕೆ 300ರ ಮೂರು ಪಟ್ಟಿ ಸೀಳಿಸಬೇಕು. ಗರಗಸದ ಹಲ್ಲು ಪ್ರತಿ ಸಲ ಸುಮಾರು 3 ಮಿ.ಮೀ. ತಿನ್ನುತ್ತದೆ, ಇದನ್ನು ಲೆಕ್ಕಕ್ಕೆ ಹಿಡಿಯದವರ ಕೊನೆಯ ಹಲಗೆ ಯಾವಾಗಲೂ ಗಿಡ್ಡ. ಮೊದಲ ಪಟ್ಟಿಯಲ್ಲಿ ಒಂದು ಪಕ್ಕ, ಒಂದು ಅಡ್ಡ ಹಲಗೆ. ಎರಡನೆಯದರಲ್ಲೂ ಹಾಗೆಯೇ. ಮೂರನೆಯದರಲ್ಲಿ ಮೇಲಿನ ಹಲಗೆ, ಉಳಿದ ಎರಡು ಅಡ್ಡ ಹಲಗೆ. ಇಷ್ಟಾದ ಮೇಲೂ ಒಂದಡಿ ಅಗಲದ ಪೂರ್ತಿ ಎಂಟಡಿ ಪಟ್ಟಿ ಉಳಿಯುತ್ತದೆ. ಕೆಳಗಿನ 80ರ ತುಂಡು ಅದರಲ್ಲಿ ಬರುತ್ತದೆ, ಮಿಕ್ಕಿದ್ದರಲ್ಲಿ ಒಂದು ಚಿಕ್ಕ ಸ್ಟೂಲು ಮಾಡಬಹುದು. ಮೇಲ್ಪದರದ ಎಳೆ ಸಾಮಾನ್ಯವಾಗಿ ಎಂಟಡಿಯ ಕಡೆಗೇ ಓಡುತ್ತದೆ, ಹೀಗೆ ಸೀಳಿದರೆ ಎಳೆ ಹಲಗೆಯ ಉದ್ದಕ್ಕೆ ಬಂದು ಬಾಗು ಕಡಿಮೆಯಾಗುತ್ತದೆ. ಶೀಟು ಉಳಿಸಲು ಒಂದು ಹಲಗೆಯನ್ನು ಅಡ್ಡ ತಿರುಗಿಸಿ ಕೊಯ್ಯುವ ಆಸೆ ಆಗುತ್ತದೆ. ಮಾಡಬೇಡಿ.

ಕೊಯ್ಯುವುದು

ಟೇಬಲ್ ಮಷೀನು ಇರುವ ಅಂಗಡಿಯಲ್ಲೇ ಕೊಯ್ಸಿ. ಕೈ ಕಟ್ಟರ್‌ನಲ್ಲಿ ಎಂಟಡಿ ನೆಟ್ಟಗೆ ಸೀಳುವುದು ಹೊಸಬರ ಕೆಲಸವಲ್ಲ, ಅಪಾಯವೂ ಹೌದು. ಒಂದೇ ಅಳತೆಯ ಹಲಗೆಗಳನ್ನೆಲ್ಲ ಅಳತೆ ಬದಲಿಸದೆ ಒಂದರ ಹಿಂದೆ ಒಂದು ಕೊಯ್ಯಲು ಹೇಳಿ. ಮನೆಗೆ ತಂದು ನಾಲ್ಕನ್ನೂ ಒಟ್ಟಿಗೆ ನಿಲ್ಲಿಸಿದರೆ ಒಂದೇ ಮಟ್ಟ ಬರಬೇಕು.

ಸಣ್ಣಪುಟ್ಟ ಕೊಯ್ತ ಮನೆಯಲ್ಲೇ ಮಾಡುವುದಾದರೆ 60 ಹಲ್ಲಿನ ಬ್ಲೇಡು ಹಾಕಿ, ಗೆರೆಯ ಮೇಲೆ ಟೇಪು ಅಂಟಿಸಿ, ಚೆಂದದ ಮುಖ ಕೆಳಗಿರಲಿ. ಕನ್ನಡಕ, ಮಾಸ್ಕ್ ಇಲ್ಲದೆ ಮಷೀನು ಮುಟ್ಟಬೇಡಿ.

ಜೋಡಣೆ

ಎರಡು ಪಕ್ಕಗಳನ್ನು ಅಂಚಿಗೆ ಅಂಚು ಸೇರಿಸಿ ಮಲಗಿಸಿ, ಖಾನೆಗಳ ಗೆರೆಯನ್ನು ಮೂಲೆಮಟ್ಟ ಇಟ್ಟು ಎರಡರ ಮೇಲೂ ಒಟ್ಟಿಗೆ ಎಳೆಯಿರಿ. ಬೇರೆ ಬೇರೆಯಾಗಿ ಅಳೆದು ಗುರುತು ಹಾಕಿದ ಕಪಾಟಿನಲ್ಲಿ ಪೆನ್ಸಿಲ್ ಇಟ್ಟರೆ ಉರುಳುತ್ತದೆ.

ಸ್ಕ್ರೂ ಎಂಟನೇ ನಂಬರಿನದು, ಎರಡಿಂಚು. ಪಿಒಪಿ ಕೆಲಸದ ಕರಿ ಸ್ಕ್ರೂ ಅಗ್ಗ ಅಂತ ತರಬೇಡಿ, ಬಿಗಿ ಮಾಡುವಾಗ ಅದರ ತಲೆ ಮುರಿದು ಕೈಗೆ ಬರುತ್ತದೆ. ಹಲಗೆಯ ಅಂಚಿಗೆ ನೇರವಾಗಿ ಸ್ಕ್ರೂ ಓಡಿಸಿದರೆ ಪದರ ಬಿಡುತ್ತದೆ, ಅದಕ್ಕೆ ಮೊದಲು 3 ಮಿ.ಮೀ. ಬಿಟ್‌ನಲ್ಲಿ ತೂತು ಹಾಕಲೇಬೇಕು. ತೂತು ದಪ್ಪದ ನಟ್ಟ ನಡುವೆ, ಅಂದರೆ ಅಂಚಿನಿಂದ 9 ಮಿ.ಮೀ.ಗೆ ಬರಬೇಕು. ಒಂದು ಜೋಡಣೆಗೆ ಮೂರು ಸ್ಕ್ರೂ ಸಾಕು.

ಅಂಟು ಹಚ್ಚುವ ಮೊದಲು ಎಲ್ಲವನ್ನೂ ಒಮ್ಮೆ ಸುಮ್ನೆ ಜೋಡಿಸಿ ನೋಡಿ, ಹಲಗೆಗಳಿಗೆ ನಂಬರು ಬರೆಯಿರಿ. ಕಪಾಟಿನ ಮುಂಭಾಗ ಕೆಳಗೆ, ಬೆನ್ನು ಮೇಲೆ ಬರುವಂತೆ ನೆಲದಲ್ಲಿಟ್ಟು ಜೋಡಿಸಿ. ಶಹಾಬಾದ್ ಕಲ್ಲಿನ ನೆಲ ಇದ್ದರೆ ಏರುತಗ್ಗು ಇದ್ದೇ ಇರುತ್ತದೆ, ಕೆಳಗೆ ಎರಡು ನೆಟ್ಟಗಿನ ರೀಪು ಹಾಕಿಕೊಳ್ಳಿ. ಬೇಸಿಗೆಯಲ್ಲಿ ಬೆಳಗಿನ ಹೊತ್ತು, ಫ್ಯಾನು ಆರಿಸಿ ಕೆಲಸ ಮಾಡಿ. ಇಲ್ಲವಾದರೆ ಒಂದು ಕಡೆ ಹಚ್ಚಿ ಇನ್ನೊಂದು ಕಡೆಗೆ ಹೋಗುವಷ್ಟರಲ್ಲಿ ಅಂಟು ಕೆನೆ ಕಟ್ಟುತ್ತದೆ. ಪ್ಲೈ ಅಂಚು ಅಂಟನ್ನು ಹೀರಿಕೊಳ್ಳುವುದರಿಂದ ಮೊದಲು ತೆಳ್ಳಗೆ ಒಂದು ಸಲ ಸವರಿ, ಒಂದೆರಡು ನಿಮಿಷ ಬಿಟ್ಟು ಮತ್ತೊಮ್ಮೆ ಹಚ್ಚಿ. ಹೊರಗೆ ಬಂದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಕೂಡಲೇ ಒರೆಸಿ. ಬಿಟ್ಟರೆ ಅಲ್ಲಿ ಪಾಲಿಶ್ ಹಿಡಿಯುವುದಿಲ್ಲ.

ಎಲ್ಲ ಸ್ಕ್ರೂ ಬಿಗಿಯಾಯಿತು, ಅಂಟು ಇನ್ನೂ ಹಸಿ ಇದೆ. ಈಗ ಟೇಪು ತಗೊಂಡು ಮೂಲೆಯಿಂದ ಮೂಲೆಗೆ ಅಳೆಯಿರಿ. 1500ಕ್ಕೆ 750ರ ಚೌಕಕ್ಕೆ ಎರಡೂ ಕರ್ಣ 1677 ಬರಬೇಕು. ಒಂದು 1680, ಇನ್ನೊಂದು 1674 ಬಂದರೆ ಕಪಾಟು ಓರೆಯಾಗಿದೆ ಅಂತ ಅರ್ಥ. ಉದ್ದ ಬಂದ ಕಡೆಯ ಎರಡು ಮೂಲೆಗಳನ್ನು ಒಳಕ್ಕೆ ಒತ್ತಿ, ಎರಡೂ ಸಮ ಬಂದ ಕ್ಷಣ ಬೆನ್ನಿನ ಹಲಗೆ ಇಟ್ಟು ಮೊಳೆ ಹೊಡೆಯಿರಿ. ಬೆನ್ನಿಗೆ 6 ಮಿ.ಮೀ. ಪ್ಲೈ ಸಾಕು, 746ಕ್ಕೆ 1496, ಗೇಣಿಗಿಂತ ಹತ್ತಿರ ಹತ್ತಿರ ಮೊಳೆ. ಬೆನ್ನು ಕಾಣುವುದಿಲ್ಲವಲ್ಲ ಅಂತ ಬಿಟ್ಟುಬಿಡುವವರಿದ್ದಾರೆ. ಕಪಾಟು ಅಲ್ಲಾಡದಂತೆ ಹಿಡಿದಿಡುವುದೇ ಅದು. ಒಂದು ದಿನ ಪೂರ್ತಿ ಮುಟ್ಟಬೇಡಿ.

ಅಂಚು, ಬಣ್ಣ

ಸ್ಕ್ರೂ ತಲೆಯ ಗುಳಿಗಳಿಗೆ ಜರಡಿ ಹಿಡಿದ ಮರದ ಹೊಟ್ಟು, ಫೆವಿಕಾಲ್ ಕಲಸಿ ತುಂಬಿ. ಕೊಪ್ಪಳದ ಕಿನ್ನಾಳದಲ್ಲಿ ಗೊಂಬೆ ಮಾಡುವವರು ಸೆಣಬಿನ ಪುಡಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿ 'ಕಿಟ್ಟ' ಅಂತ ಮಾಡಿಕೊಳ್ಳುತ್ತಾರೆ. ಮರಕ್ಕೆ ಮರದ ಹೊಟ್ಟೇ ಹೊಂದುತ್ತದೆ. ಡಬ್ಬಿಯ ಬಿಳಿ ಪುಟ್ಟಿ ಬಣ್ಣ ಬಳಿಯುವುದಾದರೆ ಮಾತ್ರ ಸರಿ.

ಮುಂದಿನ ಅಂಚಿಗೆ ಸಾಗವಾನಿಯ ತೆಳು ಪಟ್ಟಿ ಹೊಡೆಯಿರಿ. ಪಿವಿಸಿ ಟೇಪು ಅಗ್ಗ, ಆದರೆ ಕೈಯಲ್ಲಿ ಅಂಟಿಸಿದ್ದು ನಮ್ಮ ಸೆಕೆಗೆ ಮೂಲೆಯಲ್ಲಿ ಏಳುತ್ತದೆ. ಮೈಕಾ ಈ ಸಲ ಬೇಡ. ಒಂದೇ ಮುಖಕ್ಕೆ ಅಂಟಿಸಿದರೆ ಹಲಗೆ ಬಿಲ್ಲಾಗುತ್ತದೆ, ಎರಡೂ ಮುಖಕ್ಕೆ ಅಂದರೆ ದಪ್ಪ ಬದಲಾಗಿ ಮೇಲಿನ ಲೆಕ್ಕವೆಲ್ಲ ಮತ್ತೆ ಮಾಡಬೇಕು. ಉಪ್ಪುಕಾಗದ ಉಜ್ಜಿ, ಪ್ರೈಮರ್ ಮೇಲೆ ಎರಡು ಕೋಟು ಬಣ್ಣ. ನೆಲಕ್ಕೆ ತಾಗುವ ಅಂಚಿಗೆ ಮೂರು ಕೋಟು ಕೊಡಿ, ತೇವ ಮೊದಲು ಏರುವುದು ಅಲ್ಲಿಂದಲೇ.

ನಿಲ್ಲಿಸುವಾಗ ಗೋಡೆಯಿಂದ ಒಂದಿಂಚು ಬಿಡಿ, ಗೆದ್ದಲಿನ ಮಣ್ಣು ಏರಿದರೆ ಟಾರ್ಚು ಹಾಕಿ ನೋಡಲು ಸಂದು ಬೇಕು. ಓಲಾಡಿದರೆ ಕಾಲಿನ ಕೆಳಗೆ ತೆಳು ಪ್ಲೈ ಚೂರು ಕೊಟ್ಟು ಮಟ್ಟ ಮಾಡಿ. ಮಕ್ಕಳಿರುವ ಮನೆಯಾದರೆ ಮೇಲಿನ ಹಲಗೆಯಿಂದ ಗೋಡೆಗೆ ಎರಡು ಎಲ್ ಪಟ್ಟಿ ಹಾಕಿ ಬಿಗಿಯಿರಿ, ಇಲ್ಲದಿದ್ದರೆ ಹತ್ತಲು ಹೋದ ಮಗುವಿನ ಮೇಲೆ ಕಪಾಟೇ ಬೀಳುತ್ತದೆ. ಬಣ್ಣದ ವಾಸನೆ ಪೂರ್ತಿ ಹೋದ ಮೇಲೆ ಪುಸ್ತಕ ಜೋಡಿಸಿ. ಭಾರದ ನಿಘಂಟು, ಫೈಲುಗಳೆಲ್ಲ ಕೆಳಗಿನ ಖಾನೆಗೆ.