ಹದಿನೈದು ವರ್ಷದ ಆಲ್ಟೊ ಕೊಟ್ಟು ಹನ್ನೊಂದು ತಿಂಗಳ ವ್ಯಾಗನ್ ಆರ್ ತಂದದ್ದು

2023ರ ಜುಲೈ ತಿಂಗಳ ಒಂದು ಬೆಳಿಗ್ಗೆ, ಸಾಗರದಿಂದ ಶಾಲೆಗೆ ಹೋಗುವ ದಾರಿಯಲ್ಲಿ ಹಳ್ಳದ ನೀರು ರಸ್ತೆಯ ಮೇಲೆ ಹರಿಯುತ್ತಿದ್ದಾಗ, ಬ್ರೇಕ್ ಒತ್ತಿದ ನನ್ನ ಬಲಗಾಲಿನ ಹಿಮ್ಮಡಿ ಒದ್ದೆಯಾಯಿತು. ಗಾಡಿ ನಿಲ್ಲಿಸಿ ಮ್ಯಾಟ್ ಎತ್ತಿ ನೋಡಿದರೆ ನೆಲದ ತಗಡಿನಲ್ಲಿ ಎಂಟಾಣೆ ನಾಣ್ಯದಷ್ಟು ತೂತಾಗಿತ್ತು. ಅದರ ಅಂಚನ್ನು ಬೆರಳಿನಿಂದ ಒತ್ತಿದಾಗ ತಗಡು ಹಪ್ಪಳದಂತೆ ಪುಡಿಯಾಗಿ, ತೂತು ರೂಪಾಯಿಯಷ್ಟು ಅಗಲವಾಯಿತು. 2009ರ ಆಗಸ್ಟ್‌ನಲ್ಲಿ ನೋಂದಣಿಯಾದ ಆ ಆಲ್ಟೊ ಎಲ್‌ಎಕ್ಸ್‌ಐ ಹದಿನಾಲ್ಕು ಮಲೆನಾಡಿನ ಮಳೆಗಾಲಗಳನ್ನು ಕಂಡಿತ್ತು. ನಮ್ಮ ಮೆಕ್ಯಾನಿಕ್ ಅದನ್ನು ಎತ್ತಿ ಕೆಳಗಿನಿಂದ ನೋಡಿ ಹೇಳಿದ್ದು ಇಷ್ಟೇ: "ಮೇಷ್ಟ್ರೇ, ಎಂಜಿನ್ ಇನ್ನೂ ಗಟ್ಟಿ ಇದೆ, ಮೈ ಹೋಗಿದೆ."

ಖಾಸಗಿ ಕಾರಿನ ನೋಂದಣಿಯ ಅವಧಿ 15 ವರ್ಷ. ಆ ಬಳಿಕ ಗಾಡಿಯನ್ನು ಆರ್‌ಟಿಒ ಕಚೇರಿಗೆ ಒಯ್ದು ತಪಾಸಣೆ ಮಾಡಿಸಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು; ನಮ್ಮ ಕಡೆ ಇದಕ್ಕೆ ಎಫ್‌ಸಿ ಮಾಡಿಸುವುದು ಎನ್ನುತ್ತಾರೆ. ಮೊದಲು 600 ರೂಪಾಯಿ ಇದ್ದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 5,000 ರೂಪಾಯಿ ಆಗಿತ್ತು, ಅದರ ಮೇಲೆ ಹಸಿರು ತೆರಿಗೆ ಬೇರೆ. ಶುಲ್ಕ ಕಟ್ಟುವುದು ನನಗೆ ಕಷ್ಟವಿರಲಿಲ್ಲ. ಆದರೆ ತಪಾಸಣೆಗೆ ಒಪ್ಪುವಂತೆ ಮಾಡಲು ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ ಇವುಗಳ ಟಿಂಕರಿಂಗ್ ಮತ್ತು ಪೇಂಟಿಂಗ್‌ಗೆ 28,000 ರೂಪಾಯಿ ಆಗುತ್ತದೆಂದು ತಿಳಿಯಿತು. ನಾಲ್ಕು ಟೈರುಗಳೂ ಬದಲಾಗಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ ಸಂಗತಿ ಬೇರೆ. ಆ ಗಾಡಿಯಲ್ಲಿ ಏರ್‌ಬ್ಯಾಗ್ ಇರಲಿಲ್ಲ, ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಇರಲಿಲ್ಲ. 2019ರ ಏಪ್ರಿಲ್‌ನಿಂದ ಎಬಿಎಸ್, ಅದೇ ಜುಲೈನಿಂದ ಚಾಲಕನ ಏರ್‌ಬ್ಯಾಗ್, 2021ರ ಕೊನೆಯೊಳಗೆ ಪಕ್ಕದ ಸೀಟಿನ ಏರ್‌ಬ್ಯಾಗ್, ಹೀಗೆ ಒಂದೊಂದಾಗಿ ಕಡ್ಡಾಯವಾದವು. ಎಪ್ಪತ್ತು ದಾಟಿದ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿಂಗಳಿಗೆರಡು ಸಲ ಶಿವಮೊಗ್ಗದ ಆಸ್ಪತ್ರೆಗೆ ಹೋಗುವ ನನಗೆ, ಪೊಳ್ಳಾದ ತಗಡಿಗೆ ಹಣ ಸುರಿಯುವುದು ಸರಿಯೆನಿಸಲಿಲ್ಲ.

ಹೊಸದನ್ನೇ ಏಕೆ ಕೊಳ್ಳಲಿಲ್ಲವೆಂದು ಸಹೋದ್ಯೋಗಿಗಳು ಕೇಳುತ್ತಾರೆ. ನಾನು ಮನಸ್ಸು ಮಾಡಿದ್ದ ವ್ಯಾಗನ್ ಆರ್ 1.2 ಲೀಟರ್ ಮಾದರಿಯ ಷೋರೂಂ ಬೆಲೆ ಆಗ ಸುಮಾರು 6 ಲಕ್ಷ 30 ಸಾವಿರ ಇತ್ತು. ಕರ್ನಾಟಕದಲ್ಲಿ 5ರಿಂದ 10 ಲಕ್ಷದೊಳಗಿನ ಕಾರಿಗೆ ಆಜೀವ ತೆರಿಗೆ ಶೇ 14, ಆ ತೆರಿಗೆಯ ಮೇಲೆ ಶೇ 11 ಸೆಸ್. ಎರಡೂ ಸೇರಿ ಅದೊಂದೇ ಸುಮಾರು 98,000 ರೂಪಾಯಿ. ವಿಮೆ ಮತ್ತಿತರ ಖರ್ಚು ಸೇರಿ ಗಾಡಿ ರಸ್ತೆಗಿಳಿಯುವಾಗ 7 ಲಕ್ಷ 70 ಸಾವಿರ ಆಗುತ್ತಿತ್ತು. ಈ ತೆರಿಗೆಯನ್ನು ಮೊದಲ ಮಾಲೀಕ ಒಮ್ಮೆ ಕಟ್ಟಿದರೆ ಮುಗಿಯಿತು. ರಾಜ್ಯದೊಳಗೇ ಗಾಡಿಯನ್ನು ಕೊಂಡವನು ಅದನ್ನು ಮತ್ತೆ ಕಟ್ಟಬೇಕಿಲ್ಲ, ಮಾರುವವನಿಗೆ ಅದು ಪೂರ್ತಿಯಾಗಿ ವಾಪಸು ಬರುವುದೂ ಇಲ್ಲ. ಒಂದು ವರ್ಷದೊಳಗಿನ ಗಾಡಿಯ ಲಾಭವೆಲ್ಲ ಹೆಚ್ಚುಕಡಿಮೆ ಈ ಜಾಗದಲ್ಲಿ ಅಡಗಿದೆ. ಹೊರ ರಾಜ್ಯದ ನೋಂದಣಿಯ ಗಾಡಿ ಎಷ್ಟೇ ಅಗ್ಗವಾಗಿ ಕಂಡರೂ ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕಾದ್ದರಿಂದ, ಅಂಥವನ್ನು ನಾನು ನೋಡಲೇ ಹೋಗಲಿಲ್ಲ. ಇದೆಲ್ಲ 2024ರ ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಉದ್ದ ಮತ್ತು 1,200 ಸಿಸಿ ಮೀರದ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿರುವುದರಿಂದ, ಈಗ ಕೊಳ್ಳುವವರು ಹೊಸ ಗಾಡಿಯ ಇಂದಿನ ದರಪಟ್ಟಿಯನ್ನು ಕೈಯಲ್ಲಿ ಹಿಡಿದೇ ಚೌಕಾಸಿಗೆ ಕೂರಬೇಕು. ಮಾರುವವರು ತಾವು ಕೊಟ್ಟ ಹಳೆಯ ಬೆಲೆಯನ್ನೇ ಹೇಳುತ್ತಾರೆ.

2024ರ ಫೆಬ್ರವರಿಯಲ್ಲಿ ಹುಡುಕಾಟ ಶುರು ಮಾಡುವಾಗ ನಾನು ಒಂದು ನಿಯಮ ಇಟ್ಟುಕೊಂಡೆ. ಆರು ಲಕ್ಷ ಚೆಲ್ಲಿ ಕೊಂಡ ಕಾರನ್ನು ಒಂದೆರಡು ವರ್ಷದೊಳಗೆ ಮಾರುವವರಿಗೆ ಒಂದು ಕಾರಣ ಇದ್ದೇ ಇರುತ್ತದೆ. ಆ ಕಾರಣ ಏನೆಂದು ಕೇಳಬೇಕು, ಅದು ನಿಜವೆಂದು ಕಣ್ಣಾರೆ ಕಾಣುವ ತನಕ ಅಡ್ವಾನ್ಸ್ ಕೊಡಬಾರದು.

ಮೊದಲು ನೋಡಿದ್ದು ಬೆಂಗಳೂರು ನೋಂದಣಿಯ, ಒಂದೂವರೆ ವರ್ಷದ ಗಾಡಿ. ಮಾರುವವರು "ದೊಡ್ಡ ಗಾಡಿ ತಗೊಳ್ತಿದ್ದೇವೆ ಸರ್" ಎಂದರು. ಬಣ್ಣ ಕನ್ನಡಿಯಂತಿತ್ತು, ಒಳಗೆ ಸುಗಂಧದ ವಾಸನೆ ಅಗತ್ಯಕ್ಕಿಂತ ಹೆಚ್ಚಾಗಿತ್ತು. ನಮ್ಮ ಮೆಕ್ಯಾನಿಕ್ ಎಂಜಿನ್ ಕಡೆ ಹೋಗದೆ ಹಿಂದಿನ ಸೀಟಿನಲ್ಲಿ ಕುಳಿತು, ಸೀಟ್ ಬೆಲ್ಟನ್ನು ಅದರ ಕೊನೆಯವರೆಗೂ ನಿಧಾನವಾಗಿ ಎಳೆದರು. ಹೊರಗಿನ ಪಟ್ಟಿಯೆಲ್ಲ ಕಪ್ಪಗೆ ಹೊಸದರಂತಿತ್ತು. ಕೊನೆಯ ಒಂದು ಗೇಣು ಮಾತ್ರ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿ ಒರಟಾಗಿತ್ತು. ಉಜ್ಜಿದಾಗ ಬೆರಳಿಗೆ ನವಿರಾದ ಮಣ್ಣು ಅಂಟಿತು. ಡಿಕ್ಕಿಯ ಹಾಸು ತೆಗೆದು ಸ್ಟೆಪ್ನಿ ಎತ್ತಿದರೆ, ಅದನ್ನು ಬಿಗಿಯುವ ಬೋಲ್ಟಿನ ಬುಡದಲ್ಲಿ ಒಣಗಿದ ಕೆಸರಿನ ಉಂಗುರ. 2022ರ ಸೆಪ್ಟೆಂಬರ್‌ನ ಮಳೆಯಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ನೂರಾರು ಕಾರುಗಳು ಮುಳುಗಿದ್ದು ನಮಗೆ ನೆನಪಿತ್ತು. ಈ ಗಾಡಿ ಅದೇ ನೀರಿನಲ್ಲಿ ನಿಂತಿತ್ತೆಂದು ನಾನು ಹೇಳಲಾರೆ, ಆದರೆ ಯಾವುದೋ ನೀರಿನಲ್ಲಿ ಸೀಟಿನ ಮಟ್ಟದವರೆಗೆ ನಿಂತಿತ್ತು ಎಂಬುದರಲ್ಲಿ ಸಂಶಯವಿರಲಿಲ್ಲ. ಹಾಗೆ ನೆಂದ ಗಾಡಿಯ ವೈರಿಂಗ್ ಕನೆಕ್ಟರುಗಳು ತಿಂಗಳುಗಳ ಬಳಿಕ ಕಿಲುಬು ಹಿಡಿದು, ಏರ್‌ಬ್ಯಾಗ್‌ನಂಥ ಸಾಧನಗಳು ಬೇಕಾದ ಹೊತ್ತಿನಲ್ಲಿ ಕೈಕೊಡಬಹುದು. ನಾವು ನಮಸ್ಕಾರ ಹೇಳಿ ಹೊರಟೆವು.

ಎರಡನೆಯದರ ಕಥೆ ಟೈರುಗಳಲ್ಲಿತ್ತು. ಟೈರಿನ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ತಯಾರಾದ ವಾರ, ಉಳಿದೆರಡು ವರ್ಷ. ಮೂರು ಟೈರುಗಳಲ್ಲಿ 4822 ಎಂದಿತ್ತು, ಮುಂದಿನ ಎಡ ಟೈರಿನಲ್ಲಿ 3123. ಹನ್ನೆರಡು ಸಾವಿರ ಕಿಲೋಮೀಟರ್ ಓಡಿದ ಗಾಡಿಗೆ ಒಂದೇ ಒಂದು ಹೊಸ ಟೈರು ಏಕೆ ಬಂತೆಂದು ಕೇಳಿದಾಗ ಪಂಕ್ಚರ್ ಎಂಬ ಉತ್ತರ ಬಂತು. ಬಾನೆಟ್ ತೆರೆದು ನೋಡಿದರೆ ಅದೇ ಎಡಬದಿಯ ಮಡ್‌ಗಾರ್ಡಿನ ಬೋಲ್ಟುಗಳ ಮೇಲಿನ ಬಣ್ಣ ಸ್ಪ್ಯಾನರ್ ತಾಗಿ ಕಿತ್ತುಹೋಗಿತ್ತು. ಅಪಘಾತವಾದ ಗಾಡಿ ಕೆಟ್ಟದ್ದೇ ಆಗಿರಬೇಕಿಲ್ಲ. ಹೇಳದೆ ಮುಚ್ಚಿಟ್ಟದ್ದರಿಂದ ನನ್ನ ನಂಬಿಕೆ ಹೋಯಿತು.

ಮೂರನೆಯದು ಶಿವಮೊಗ್ಗದ ವಿನೋಬನಗರದಲ್ಲಿ, ನಿವೃತ್ತ ಎಂಜಿನಿಯರೊಬ್ಬರ ಮನೆಯಲ್ಲಿ ಸಿಕ್ಕಿತು. 2023ರ ಜೂನ್‌ನಲ್ಲಿ ನೋಂದಣಿ, ಓಡಿದ್ದು 8,600 ಕಿಲೋಮೀಟರ್. ಏಕೆ ಮಾರುತ್ತಿದ್ದೀರೆಂದು ಕೇಳಿದೆ. "ಎಡಗಾಲಿನ ಮಂಡಿ ಕ್ಲಚ್ ಒತ್ತಲು ಬಿಡುತ್ತಿಲ್ಲ ಮೇಷ್ಟ್ರೇ, ಡಾಕ್ಟರು ಬೇಡ ಅಂದರು" ಎಂದು ಅಂಗಳದ ಕಡೆ ಕೈ ತೋರಿಸಿದರು. ಅಲ್ಲಿ ಕ್ಲಚ್ ಇಲ್ಲದ ಹೊಸ ಕಾರು ಹೂವಿನ ಹಾರದೊಂದಿಗೆ ನಿಂತಿತ್ತು. ನಾನು ಹುಡುಕುತ್ತಿದ್ದ ಕಾರಣ ಕಣ್ಣೆದುರಿಗೇ ಇತ್ತು.

ಹಾಗೆಂದು ತಪಾಸಣೆಯನ್ನು ಬಿಡಲಿಲ್ಲ. ಬೆಳಿಗ್ಗೆ ನಾವು ಬರುವ ತನಕ ಎಂಜಿನ್ ಚಾಲೂ ಮಾಡಬೇಡಿರೆಂದು ಮೊದಲೇ ಕೋರಿದ್ದೆ, ಏಕೆಂದರೆ ಬಿಸಿಯಾದ ಎಂಜಿನ್ ತನ್ನ ಸದ್ದನ್ನು ಮುಚ್ಚಿಡುತ್ತದೆ. ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರಿನವರೆಗೆ ಓಡಿಸಿ, ಖಾಲಿ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿ ಎಬಿಎಸ್ ಪೆಡಲನ್ನು ಅದುರಿಸುತ್ತದೆಯೇ ಎಂದು ನೋಡಿದೆ. ಮೆಕ್ಯಾನಿಕ್ ಸ್ಕ್ಯಾನರ್ ಜೋಡಿಸಿ, ದೋಷದ ಸಂಕೇತ ಯಾವುದೂ ಇಲ್ಲವೆಂದರು. ಕಂಪನಿಯ ಸರ್ವಿಸ್ ಕೇಂದ್ರದಲ್ಲಿ 1,000 ಮತ್ತು 5,000 ಕಿಲೋಮೀಟರ್‌ಗಳ ಎರಡು ಉಚಿತ ಸರ್ವಿಸ್‌ಗಳು ದಾಖಲಾಗಿದ್ದವು. ಅಲ್ಲಿ ಬರೆದ ಕಿಲೋಮೀಟರ್ ಅಂಕಿಗಳು ಮೀಟರಿಗೆ ಹೊಂದಿಕೆಯಾದವು. 10,000ದ ಮೂರನೆಯ ಸರ್ವಿಸ್ ಇನ್ನೂ ಬಾಕಿ ಇತ್ತು, ಎರಡು ವರ್ಷದ ವಾರಂಟಿಯಲ್ಲಿ ಹದಿಮೂರು ತಿಂಗಳು ಉಳಿದಿತ್ತು. ಗಾಡಿಯ ನೋಂದಣಿ ಪತ್ರವಾದ ಆರ್‌ಸಿಯಲ್ಲಿ ನೋಂದಣಿಯ ದಿನಾಂಕವಷ್ಟೇ ಅಲ್ಲದೆ ತಯಾರಾದ ತಿಂಗಳೂ ಇರುತ್ತದೆ. ಮಳಿಗೆಯಲ್ಲಿ ಆರು ತಿಂಗಳು ನಿಂತ ಗಾಡಿಯನ್ನು ಅದರಿಂದ ಗುರುತಿಸಬಹುದು. ಇದು ಮೇ ತಿಂಗಳಲ್ಲಿ ತಯಾರಾದದ್ದು. ಬ್ಯಾಂಕಿನ ಸಾಲವಿದ್ದರೆ ಅದೂ ಆರ್‌ಸಿಯಲ್ಲಿ ನಮೂದಾಗಿರುತ್ತದೆ, ಅದನ್ನು ತೆಗೆಸಲು ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಬೇಕು. ಇವರು ಸಾಲ ಮಾಡಿರಲಿಲ್ಲ. ಸಂಚಾರ ಪೊಲೀಸರ ದಂಡ ಒಂದು ಬಾಕಿ ಇತ್ತು, ನಮ್ಮೆದುರೇ ಫೋನಿನಲ್ಲಿ ಕಟ್ಟಿದರು. 6 ಲಕ್ಷ 5 ಸಾವಿರಕ್ಕೆ ಮಾತಾಯಿತು. ಅದರಲ್ಲಿ 10,000ವನ್ನು ಆರ್‌ಸಿ ನನ್ನ ಹೆಸರಿಗೆ ಬಂದ ದಿನ ಕೊಡುವೆನೆಂದು ಕಾಗದದಲ್ಲಿ ಬರೆದುಕೊಂಡೆವು. ಕೈಯಲ್ಲಿದ್ದ ಉಳಿತಾಯಕ್ಕೆ ನೌಕರರ ಪತ್ತಿನ ಸಹಕಾರ ಸಂಘದಿಂದ ಎರಡು ಲಕ್ಷದ ಸಾಲ ಸೇರಿಸಿ, 2024ರ ಮೇ ಮೂರನೆಯ ವಾರದಲ್ಲಿ, ಮಳೆ ಹಿಡಿಯುವ ಮೊದಲು ಗಾಡಿಯನ್ನು ಮನೆಗೆ ತಂದೆವು.

ವಿಮೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ಬಹಳ ಮಂದಿ ಎಡವುತ್ತಾರೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರನೆಯ ವ್ಯಕ್ತಿಯ ವಿಮೆಯನ್ನು, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗಾಗುವ ಹಾನಿಯ ವಿಮೆಯನ್ನು, ಒಟ್ಟಿಗೇ ಮೂರು ವರ್ಷಕ್ಕೆ ಮಾಡಿಸಬೇಕು. ಹಾಗಾಗಿ ನಾನು ಕೊಂಡ ಗಾಡಿಗೆ ಆ ವಿಮೆ 2026ರ ಜೂನ್‌ವರೆಗೆ ಇತ್ತು; ಗಾಡಿಗೇ ಆಗುವ ಹಾನಿಯ ವಿಮೆ ಮಾತ್ರ ಒಂದು ತಿಂಗಳಲ್ಲಿ ಮುಗಿಯುವುದರಲ್ಲಿತ್ತು. ಗಾಡಿ ಕೈ ಬದಲಾದ 14 ದಿನಗಳೊಳಗೆ ಪಾಲಿಸಿಯನ್ನು ತನ್ನ ಹೆಸರಿಗೆ ಮಾಡಿಕೊಳ್ಳಲು ಕೊಂಡವನು ವಿಮಾ ಕಂಪನಿಗೆ ಅರ್ಜಿ ಕೊಡಬೇಕು, ಇಲ್ಲವಾದರೆ ಗುದ್ದಿ ಜಜ್ಜಿದ ಗಾಡಿಯ ಪರಿಹಾರ ಕೈಗೆ ಬರುವುದು ಕಷ್ಟ. ಇನ್ನೊಂದು ಮಾತು: ಪರಿಹಾರ ಕೇಳದ ವರ್ಷಗಳಿಗಾಗಿ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಗಾಡಿಯದಲ್ಲ, ಮಾಲೀಕನದು. ಆಲ್ಟೊ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ನಾನು ಪರಿಹಾರ ಕೇಳಿರಲಿಲ್ಲವಾದ್ದರಿಂದ ನನ್ನ ಬೋನಸ್ ಗರಿಷ್ಠವಾದ ಶೇ 50 ಇತ್ತು. ಆಲ್ಟೊ ಮಾರಿದ ದಾಖಲೆ ತೋರಿಸಿ ಆ ಬೋನಸ್ಸಿನ ಪ್ರಮಾಣಪತ್ರ ಪಡೆದು, ಜೂನ್‌ನಲ್ಲಿ ವ್ಯಾಗನ್ ಆರ್ ವಿಮೆ ಮಾಡಿಸುವಾಗ ಕೊಟ್ಟೆ. ಹಾನಿಯ ಭಾಗದ ಪ್ರೀಮಿಯಂ ಅರ್ಧಕ್ಕಿಳಿಯಿತು. ಆ ಪತ್ರ ಮೂರು ವರ್ಷ ನಡೆಯುತ್ತದೆ. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

ಇನ್ನು ಆಲ್ಟೊ. ಗುಜರಿಗೆ ಕೊಟ್ಟರೆ ಸಿಗುವ ಪ್ರಮಾಣಪತ್ರದ ರಿಯಾಯಿತಿ ಹೊಸ ವಾಹನ ಕೊಳ್ಳುವವರಿಗೆ ಮಾತ್ರ, ನನಗೆ ಅದರಿಂದ ಪ್ರಯೋಜನವಿರಲಿಲ್ಲ. ಷೋರೂಂನವರ ಎಕ್ಸ್‌ಚೇಂಜ್ ಬೆಲೆ 35,000. ಕೊನೆಗೆ ಹತ್ತಿರದ ಹಳ್ಳಿಯಲ್ಲಿ ಅಡಿಕೆ ಹಾಳೆಯ ತಟ್ಟೆ ಮಾಡುವ ಯುವಕನೊಬ್ಬ 62,000ಕ್ಕೆ ಕೇಳಿದ. ಅವನ ಭಾವ ಟಿಂಕರಿಂಗ್ ಕೆಲಸದವನಾದ್ದರಿಂದ ತಗಡಿನ ಕೆಲಸ ಅವನಿಗೆ ಭಾರವಾಗುತ್ತಿರಲಿಲ್ಲ. ನೆಲದ ತೂತು, ಆಗಸ್ಟ್‌ಗೆ ಮುಗಿಯುವ ನೋಂದಣಿ, ಎರಡನ್ನೂ ನಾನೇ ಮ್ಯಾಟ್ ಎತ್ತಿ ತೋರಿಸಿ ಹೇಳಿದೆ.

ಗಾಡಿ ಕೊಡುವ ಮೊದಲು ಮಾತ್ರ ಒಂದು ಷರತ್ತು ಹಾಕಿದೆ: ಇಬ್ಬರೂ ಒಟ್ಟಿಗೆ ಆರ್‌ಟಿಒ ಕೆಲಸ ಮುಗಿಸಬೇಕು. ಇದಕ್ಕೆ ಹಿನ್ನೆಲೆಯಿದೆ. ಬಹಳ ಹಿಂದೆ ನನ್ನ ಸ್ಕೂಟರನ್ನು ಮಾರುವಾಗ, ಖಾಲಿ ಫಾರಂಗಳಿಗೆ ಸಹಿ ಹಾಕಿ ಮಧ್ಯವರ್ತಿಯ ಕೈಗೆ ಕೊಟ್ಟು ಸುಮ್ಮನಾಗಿದ್ದೆ. ಮೂರು ವರ್ಷದ ಮೇಲೆ ಬೇರೆ ಜಿಲ್ಲೆಯ ಠಾಣೆಯಿಂದ ಅಪಘಾತದ ಪ್ರಕರಣವೊಂದರ ನೋಟಿಸು ಬಂತು. ದಾಖಲೆಯಲ್ಲಿ ಸ್ಕೂಟರ್ ಇನ್ನೂ ನನ್ನದೇ ಆಗಿತ್ತು. ರಜೆ ಹಾಕಿ ಮೂರು ಸಲ ಅಲೆದೆ; ಮನೆಯಲ್ಲಿ ಅಮ್ಮ ಆ ದಿನಗಳಲ್ಲಿ ಸರಿಯಾಗಿ ನಿದ್ದೆ ಮಾಡಲಿಲ್ಲ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಮೋಟಾರು ವಾಹನ ಕಾಯ್ದೆಯ 50ನೆಯ ಕಲಮಿನ ಪ್ರಕಾರ ಮಾರಿದವನು ರಾಜ್ಯದೊಳಗಾದರೆ 14 ದಿನಗಳಲ್ಲಿ ವರ್ಗಾವಣೆಯನ್ನು ತಿಳಿಸಬೇಕು, ಕೊಂಡವನು 30 ದಿನಗಳಲ್ಲಿ. ಆದ್ದರಿಂದ ವರ್ಗಾವಣೆಯನ್ನು ತಿಳಿಸುವ ಫಾರಂ 29ರ ಎರಡು ಪ್ರತಿ, ವರ್ಗಾವಣೆ ಕೋರುವ ಫಾರಂ 30, ವಿಮೆ, ಎಮಿಷನ್ ಪತ್ರ ಎಲ್ಲವನ್ನೂ ನಾನೇ ಜೋಡಿಸಿದೆ. ಅತಿ ಸುರಕ್ಷಿತ ನಂಬರ್ ಪ್ಲೇಟ್ ಇಲ್ಲದ ಗಾಡಿಯ ವರ್ಗಾವಣೆಗೆ ಅಡ್ಡಿಯಾಗುತ್ತದೆಂದು ಕೇಳಿ ಅದನ್ನು ಫೆಬ್ರವರಿಯಲ್ಲೇ ಹಾಕಿಸಿದ್ದೆ. ಗಾಡಿ ಒಪ್ಪಿಸಿದ ದಿನಾಂಕ, ಗಂಟೆ, ಮೀಟರಿನ ಅಂಕಿ ಇವನ್ನು ಬರೆದ ಕಾಗದಕ್ಕೆ ಇಬ್ಬರೂ ಸಹಿ ಹಾಕಿದೆವು. ಗಾಜಿಗೆ ಅಂಟಿಸಿದ್ದ ಫಾಸ್ಟ್ಯಾಗ್ ಅನ್ನು ಬ್ಯಾಂಕಿಗೆ ಹೇಳಿ ಮುಚ್ಚಿಸಿ, ಬ್ಲೇಡಿನಿಂದ ಕೆರೆದು ತೆಗೆದೆ. ವ್ಯಾಗನ್ ಆರ್‌ಗೆ ಹೊಸ ಟ್ಯಾಗ್ ಸಿಗಬೇಕಾದರೆ ಹಳೆಯ ಮಾಲೀಕರದು ಮುಚ್ಚಿರಬೇಕಾದ್ದರಿಂದ, ಎಂಜಿನಿಯರಿಗೂ ಅದನ್ನೇ ನೆನಪಿಸಿದೆ.

ವ್ಯಾಗನ್ ಆರ್‌ನ ಆರ್‌ಸಿ ಕಾರ್ಡು ಜೂನ್ ಕೊನೆಯಲ್ಲಿ ಅಂಚೆಯಲ್ಲಿ ಬಂತು. ಆ ಭಾನುವಾರವೇ ಅಮ್ಮನನ್ನು ಕೂರಿಸಿಕೊಂಡು ವಿನೋಬನಗರಕ್ಕೆ ಹೋಗಿ ಉಳಿದ 10,000 ರೂಪಾಯಿ ಕೊಟ್ಟೆವು. ಅವರ ಮನೆಯವರು ಕಾಫಿ ಕೊಟ್ಟು, ಗಾಡಿಯನ್ನು ಒಂದು ಸುತ್ತು ನೋಡಿ ಬಂದರು. ಆಲ್ಟೊದ ವರ್ಗಾವಣೆಗೆ ಇನ್ನೂ ಎರಡು ವಾರ ಹಿಡಿಯಿತು. ಪ್ರತಿ ಸಂಜೆ, ವಾಹನಗಳ ದಾಖಲೆ ತೋರಿಸುವ ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಹಳೆಯ ನಂಬರ್ ಹಾಕಿ ನೋಡುತ್ತಿದ್ದೆ. ಜುಲೈ ಎರಡನೆಯ ವಾರದ ಒಂದು ಸಂಜೆ, ನಡುವೆ ನಕ್ಷತ್ರ ಚಿಹ್ನೆಗಳಿದ್ದ ಮಾಲೀಕರ ಹೆಸರಿನ ಮೊದಲ ಅಕ್ಷರ ಬದಲಾಗಿತ್ತು. ಅದರ ಚಿತ್ರ ತೆಗೆದು, ಮುದ್ರಿಸಿ, ಒಪ್ಪಿಸಿದ ಕಾಗದದ ಜೊತೆ ಕಡತಕ್ಕೆ ಸೇರಿಸಿಟ್ಟೆ.