ಹಳೇಬೀಡನ್ನು ಊರಾಗಿ ನೋಡಿ: ಹಾಸನದಿಂದ ಗಾಡಿ ಮಾಡಿಕೊಂಡು ಒಂದು ದಿನ

ಬೇಲೂರು, ಹಳೇಬೀಡಿನ ದೊಡ್ಡ ದೇವಸ್ಥಾನ ಎರಡನ್ನೇ ನೋಡಬೇಕು ಅಂದರೆ ನಿಮಗೆ ಗಾಡಿ ಬೇಡ. ಹಾಸನ ಬಸ್ ಸ್ಟ್ಯಾಂಡಿನಿಂದ ಎರಡೂ ಊರಿಗೆ ಸರ್ಕಾರಿ ಬಸ್ಸುಗಳಿವೆ. ಬೇಲೂರಿಗೂ ಹಳೇಬೀಡಿಗೂ ನಡುವೆಯೂ ಬಸ್ಸು ಓಡಾಡುತ್ತವೆ. ಹಾಸನದಲ್ಲಿ ಸ್ವಂತ ಟ್ಯಾಕ್ಸಿ ಓಡಿಸುವ ನಾನು ಫೋನ್ ಮಾಡಿದವರಿಗೆ ಇದನ್ನೇ ಮೊದಲು ಹೇಳುತ್ತೇನೆ. ದುಡ್ಡು ಕೊಟ್ಟು ಗಾಡಿ ಮಾಡಿಕೊಂಡ ಮೇಲೆ ಬಸ್ಸು ಹೋಗದ ಕಡೆ ಹೋಗಬೇಕು, ಬಸ್ಸು ನಿಲ್ಲದ ಕಡೆ ನಿಲ್ಲಬೇಕು.

ಹಳೇಬೀಡು ಒಂದು ದೇವಸ್ಥಾನದ ಹೆಸರಲ್ಲ. ಅದು ದೋರಸಮುದ್ರ, ಹೊಯ್ಸಳರ ರಾಜಧಾನಿ. ಕೆರೆ, ಕೋಟೆ, ಬಸದಿ, ಅರಮನೆ ಎಲ್ಲ ಇದ್ದ ಊರು. 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫರ್‌ನ ದಂಡು ಬಂದು ಲೂಟಿ ಮಾಡಿತು. ಆಮೇಲೆ ದೆಹಲಿಯಿಂದ ಇನ್ನೊಂದು ದಾಳಿಯೂ ಆಯಿತು. ರಾಜಧಾನಿ ಪಾಳುಬಿತ್ತು. ಆದರೂ ಉಳಿದದ್ದು ಜಾಸ್ತಿಯೇ ಇದೆ. ಬರುವವರಲ್ಲಿ ಹೆಚ್ಚಿನವರು ಇಲ್ಲಿನ ದೊಡ್ಡ ದೇವಸ್ಥಾನವಾದ ಹೊಯ್ಸಳೇಶ್ವರದ ಗೇಟಿನ ಹತ್ತಿರ ಇಳಿದು, ಒಂದು ಸುತ್ತು ಹಾಕಿ, ಎಳನೀರು ಕುಡಿದು ಗಾಡಿ ಹತ್ತಿಬಿಡುತ್ತಾರೆ. ಅಷ್ಟು ಹತ್ತಿರ ಇರುವ ಬಸದಿಗಳನ್ನೂ ನೋಡದೆ ಹೋಗುವುದು ನನಗೆ ನಿಜವಾಗಿಯೂ ಬೇಜಾರಿನ ವಿಷಯ.

ಮೊದಲು ಗಾಡಿಯ ಮಾತು. ಬೋರ್ಡು ಹಳದಿ ಇರಲಿ. ನಮ್ಮ ಹಾಸನದ ಗಾಡಿಗಳ ನಂಬರು ಕೆಎ 13, ಚಿಕ್ಕಮಗಳೂರಿನವು ಕೆಎ 18. ಬಿಳಿ ಬೋರ್ಡಿನ ಕಾರಿನವರು ಐದುನೂರು ಕಡಿಮೆ ಹೇಳಬಹುದು. ಆದರೆ ಅದು ಬಾಡಿಗೆಗೆ ಓಡಿಸುವ ಗಾಡಿ ಅಲ್ಲ. ದಾರಿಯಲ್ಲಿ ಏನಾದರೂ ಆದರೆ ಇನ್ಶೂರೆನ್ಸಿನವರು ಕೈ ಎತ್ತುತ್ತಾರೆ. ನಾಲ್ಕು ಜನಕ್ಕೆ ಡಿಸೈರ್ ತರಹದ ಗಾಡಿ ಸಾಕು. ಐದಾರು ಜನ ಇದ್ದರೆ ಎರ್ಟಿಗಾ ಅಥವಾ ಇನೋವಾ ಕೇಳಿ. ವಯಸ್ಸಾದವರು ಇದ್ದರೆ ನಾಲ್ಕೇ ಜನರಾದರೂ ದೊಡ್ಡ ಗಾಡಿಯೇ ಒಳ್ಳೆಯದು. ದಿನವಿಡೀ ಹತ್ತಿ ಇಳಿಯುವ ಕೆಲಸ ಅಲ್ವಾ, ಸೀಟು ಎತ್ತರ ಇದ್ದರೆ ಮಂಡಿಗೆ ಆರಾಮ.

ರೇಟು ಮಾತಾಡುವಾಗ ಒಂದು ಲೆಕ್ಕ ತಲೆಯಲ್ಲಿರಲಿ. ಹಾಸನದಿಂದ ಬೇಲೂರು ಹತ್ತಿರ ಹತ್ತಿರ 40 ಕಿಲೋಮೀಟರ್. ಬೇಲೂರಿಂದ ಹಳೇಬೀಡು 16. ಹಳೇಬೀಡಿನಿಂದ ವಾಪಸ್ 30 ಚಿಲ್ಲರೆ. ಅಡ್ಡದಾರಿಗಳೆಲ್ಲ ಸೇರಿದರೂ 120ರ ಒಳಗೆ ಮುಗಿಯುತ್ತದೆ. ಔಟ್‌ಸ್ಟೇಷನ್ ಲೆಕ್ಕದಲ್ಲಿ ಹೋದರೆ ದಿನಕ್ಕೆ ಕನಿಷ್ಠ 250 ಅಥವಾ 300 ಕಿಲೋಮೀಟರ್ ಅಂತ ಹಾಕುತ್ತಾರೆ. ಓಡದ ಕಿಲೋಮೀಟರಿಗೂ ನೀವು ದುಡ್ಡು ಕಟ್ಟಬೇಕು. ಅದಕ್ಕೇ ಊರಿನ ಗಾಡಿಯನ್ನೇ ಹಿಡಿದು, ಬೆಳಿಗ್ಗೆಯಿಂದ ಸಂಜೆವರೆಗೆ ಒಟ್ಟು ಇಷ್ಟು ಅಂತ ಮಾತಾಡಿಕೊಳ್ಳಿ. ಡೀಸೆಲ್ಲು, ಡ್ರೈವರ್ ಬಾಟಾ, ಪಾರ್ಕಿಂಗು, ವೇಟಿಂಗು ಎಲ್ಲ ಸೇರಿಯೇ ಹೇಳಿ ಅಂತ ಕೇಳಿ. ಬೆಂಗಳೂರಿನಿಂದಲೇ ಟ್ಯಾಕ್ಸಿ ತರುವುದಕ್ಕಿಂತ ಹಾಸನದವರೆಗೆ ರೈಲಿನಲ್ಲಿ ಬಂದು ಇಲ್ಲಿ ಗಾಡಿ ಮಾಡಿಕೊಂಡರೆ ದುಡ್ಡೂ ಉಳಿಯುತ್ತದೆ, ಮೈಯೂ ದಣಿಯುವುದಿಲ್ಲ.

ನೋಡುವ ಜಾಗಗಳ ಹೆಸರನ್ನೂ ಮೊದಲೇ ಹೇಳಿಬಿಡಿ. "ಬೇಲೂರು ಹಳೇಬೀಡು ಎಷ್ಟಾಗುತ್ತೆ ಅಣ್ಣಾ?" ಅಂತ ಕೇಳಿದರೆ ಯಾವ ಡ್ರೈವರೂ ಎರಡು ದೇವಸ್ಥಾನದ ರೇಟನ್ನೇ ಹೇಳುತ್ತಾನೆ. "ದೊಡ್ಡಗದ್ದವಳ್ಳಿ, ಬೇಲೂರು, ಬಸದಿಹಳ್ಳಿ, ಕೇದಾರೇಶ್ವರ, ಹುಲಿಕೆರೆ, ಹೊಯ್ಸಳೇಶ್ವರ" ಅಂತ ಸಾಲಾಗಿ ಹೇಳಿ ರೇಟು ಕೇಳಿ. ಸಂಜೆ ಜಗಳಕ್ಕೆ ಜಾಗವೇ ಇರುವುದಿಲ್ಲ. ಇನ್ನೊಂದು ಮಾತು. ಕೆಲವು ಅಂಗಡಿಗಳಲ್ಲಿ ಗಿರಾಕಿ ಕರೆತಂದರೆ ಡ್ರೈವರಿಗೆ ಕಮಿಷನ್ ಕೊಡುತ್ತಾರೆ. ನಿಮಗೆ ಅಂಗಡಿ ಬೇಡ ಅಂದರೆ ಗಾಡಿ ಹತ್ತುವಾಗಲೇ ಸಮಾಧಾನವಾಗಿ ಹೇಳಿ. ನಾವು ಬೇಜಾರು ಮಾಡಿಕೊಳ್ಳುವುದಿಲ್ಲ.

ದಿನ ಯಾವುದು? ಶುಕ್ರವಾರ ಬೇಡ, ಹಳೇಬೀಡಿನ ಮ್ಯೂಸಿಯಂಗೆ ಅವತ್ತು ರಜೆ. ಭಾನುವಾರ ಜನ ಜಾಸ್ತಿ. ದೀಪಾವಳಿಯ ಆಸುಪಾಸಿನಲ್ಲಿ ಹಾಸನಾಂಬೆಯ ಬಾಗಿಲು ತೆಗೆಯುತ್ತಾರೆ. ಆಗ ಊರಿಗೆ ಊರೇ ತುಂಬಿರುತ್ತದೆ. ಗಾಡಿಯೂ ಸಿಗುವುದಿಲ್ಲ, ರೂಮೂ ಸಿಗುವುದಿಲ್ಲ. ದೇವಿಯ ದರ್ಶನಕ್ಕೆ ಬರುವುದಾದರೆ ಅದಕ್ಕೇ ಬನ್ನಿ, ಎರಡನ್ನೂ ಒಂದೇ ದಿನಕ್ಕೆ ಸೇರಿಸಬೇಡಿ. ನವೆಂಬರಿನಿಂದ ಫೆಬ್ರವರಿವರೆಗೆ ಹವೆ ಚೆನ್ನ. ಮಳೆಗಾಲದಲ್ಲಿ ಹೊಲ ಕೆರೆ ನೋಡಲು ಚೆಂದ, ಆದರೆ ದೇವಸ್ಥಾನದ ಜಗತಿ, ಅಂದರೆ ಸುತ್ತಲಿನ ಎತ್ತರದ ಕಲ್ಲುಕಟ್ಟೆ, ಜಾರುತ್ತದೆ.

ಇನ್ನು ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು. ಇದನ್ನು ನಾನು ಬಿಸಿಲು ನೋಡಿ ಇಡುತ್ತೇನೆ. ಬೇಲೂರಿನ ಚೆನ್ನಕೇಶವನದೂ ಹಳೇಬೀಡಿನ ಹೊಯ್ಸಳೇಶ್ವರನದೂ ಮುಖ ಪೂರ್ವಕ್ಕೆ. ಬೇಲೂರಿನಲ್ಲಿ ಮುಂಬಾಗಿಲ ಕಡೆಯ ಕೆಲಸ ತುಂಬಾ ಚೆನ್ನ, ಅದು ಬೆಳಗಿನ ಬಿಸಿಲಿಗೆ ಕಾಣಬೇಕು. ಹಳೇಬೀಡಿನಲ್ಲಿ ದೊಡ್ಡ ದೊಡ್ಡ ಮೂರ್ತಿಗಳ ಸಾಲು ಇರುವುದು ಹಿಂಬದಿಯ ಗೋಡೆಯಲ್ಲಿ, ಅಂದರೆ ಪಶ್ಚಿಮಕ್ಕೆ. ಬೆಳಿಗ್ಗೆ ಹೋದರೆ ಆ ಗೋಡೆ ಪೂರ್ತಿ ನೆರಳಲ್ಲಿರುತ್ತದೆ. ಸಂಜೆ ಓರೆ ಬಿಸಿಲು ಬಿದ್ದಾಗ ಒಂದೊಂದು ಬೆರಳೂ ಒಂದೊಂದು ಸರವೂ ಎದ್ದು ಕಾಣುತ್ತದೆ. ಅದಕ್ಕೇ ಬೆಳಿಗ್ಗೆ ಬೇಲೂರು, ಸಂಜೆ ಹೊಯ್ಸಳೇಶ್ವರ. ನಡುಮಧ್ಯಾಹ್ನದ ಸುಡುಬಿಸಿಲಿಗೆ ನೆರಳಿರುವ ಬಸದಿಗಳು.

ಏಳು ಗಂಟೆಗೆ ಹಾಸನ ಬಿಡಿ. ಬೇಲೂರು ರಸ್ತೆಯಿಂದ ಸ್ವಲ್ಪ ಒಳಗೆ ದೊಡ್ಡಗದ್ದವಳ್ಳಿ ಸಿಗುತ್ತದೆ. ಕೆರೆಯ ಪಕ್ಕ ಲಕ್ಷ್ಮೀದೇವಿ ದೇವಸ್ಥಾನ. ಇದು ಬೇಲೂರಿಗಿಂತಲೂ ಹಳೆಯದು. ಕಟ್ಟಿಸಿದ್ದು ರಾಜನಲ್ಲ. ಕುಲ್ಲಹಣ ರಾಹುತ ಅನ್ನುವ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ. ನಾಲ್ಕು ಗರ್ಭಗುಡಿ, ನಾಲ್ಕು ಗೋಪುರ. ಕಾಳಿಯ ಗುಡಿಯ ಮುಂದೆ ಎಲುಬಿನ ಗೂಡಿನಂಥ ಬೇತಾಳಗಳು ನಿಂತಿವೆ, ಮಕ್ಕಳು ಅಲ್ಲಿಂದ ಕದಲುವುದೇ ಇಲ್ಲ. ಅರ್ಧ ಗಂಟೆ ಸಾಕು.

ಬೇಲೂರಿಗೆ ಒಂಬತ್ತರ ಹೊತ್ತಿಗೆ ತಲುಪಿದರೆ ಚೆನ್ನ. ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕುತ್ತಾರೆ. ಇದು ಇವತ್ತಿಗೂ ಪೂಜೆ ನಡೆಯುವ ದೇವಸ್ಥಾನ. ಮೊದಲು ಕೇಶವನ ದರ್ಶನ ಮಾಡಿ, ಆಮೇಲೆ ಗೋಡೆ ನೋಡಿ. ವಿಷ್ಣುವರ್ಧನ 1116ರಲ್ಲಿ ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ. 1117ರಲ್ಲಿ ಇಲ್ಲಿ ಚೆನ್ನಕೇಶವನ ಪ್ರತಿಷ್ಠೆ ಆಯಿತು. ಹೊರಗೆ ಸೂರಿನ ಕೆಳಗೆ 38 ಮದನಿಕೆಯರು, ಒಳಗೆ ಇನ್ನೂ ನಾಲ್ವರು. ಇಲ್ಲಿ ಗೈಡ್ ಮಾಡಿಕೊಳ್ಳಿ. ಗುರುತಿನ ಚೀಟಿ ಇರುವವರನ್ನೇ ಕರೆಯಿರಿ, ದುಡ್ಡು ಮೊದಲೇ ಮಾತಾಡಿ. ಅವರಿಗೆ ಒಂದು ಮಾತು ಹೇಳಿ: ಮದನಿಕೆಯರ ಪಾದದ ಹತ್ತಿರ ಕೆತ್ತಿರುವ ಶಿಲ್ಪಿಗಳ ಹೆಸರು ತೋರಿಸಿ ಅಂತ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಅಪ್ಪ ಮಗ ಇಬ್ಬರೂ ಇಲ್ಲಿ ಉಳಿ ಹಿಡಿದಿದ್ದಾರೆ. ಕೆಲಸ ಮಾಡಿದವರ ಹೆಸರನ್ನು ಕಲ್ಲಿನ ಮೇಲೆ ಓದಿದಾಗ ಗೋಡೆ ನೋಡುವ ಕಣ್ಣೇ ಬದಲಾಗುತ್ತದೆ. ಒಳಗೆ ಕತ್ತಲು. ಫೋನಿನ ಬೆಳಕು ಮೇಲಿನ ಭುವನೇಶ್ವರಿಯವರೆಗೆ, ಅಂದರೆ ಕೆತ್ತನೆಯ ಚಾವಣಿಯವರೆಗೆ, ಮುಟ್ಟುವುದಿಲ್ಲ, ಒಂದು ಒಳ್ಳೆ ಟಾರ್ಚ್ ಇರಲಿ.

ಹನ್ನೊಂದೂವರೆ, ಹನ್ನೆರಡಕ್ಕೆ ಹೊರಡಿ. ಊಟ ಬೇಲೂರಿನಲ್ಲೇ ಮುಗಿಸುವುದು ವಾಸಿ, ಅಲ್ಲಿ ಹೋಟೆಲುಗಳು ಜಾಸ್ತಿ. ಸರ್ಕಾರದ ಮಯೂರ ವೇಲಾಪುರಿಯೂ ಇದೆ. ನಿಮ್ಮ ಡ್ರೈವರಿಗೂ ಊಟದ ಹೊತ್ತು ಕೊಡಿ. ಊಟ ಮಾಡಿ ಹತ್ತು ನಿಮಿಷ ಕಣ್ಣು ಮುಚ್ಚಿದ ಡ್ರೈವರು ಸಂಜೆ ನಿಮ್ಮನ್ನು ಕ್ಷೇಮವಾಗಿ ಮನೆ ಮುಟ್ಟಿಸುತ್ತಾನೆ.

ಹಳೇಬೀಡು ಸೇರಿದ ಮೇಲೆ ಹೊಯ್ಸಳೇಶ್ವರದ ಹತ್ತಿರ ನಿಲ್ಲಿಸಬೇಡಿ. ಸೀದಾ ಬಸದಿಹಳ್ಳಿಗೆ ಹೋಗಿ. ಒಂದೇ ಆವರಣದಲ್ಲಿ ಮೂರು ಬಸದಿ: ಪಾರ್ಶ್ವನಾಥ, ಆದಿನಾಥ, ಶಾಂತಿನಾಥ. ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಬೊಪ್ಪ ಕಟ್ಟಿಸಿದ. ತೀರಿಕೊಂಡ ತಂದೆಯ ನೆನಪಿಗೆ. ತಂದೆ ಯಾರು? ವಿಷ್ಣುವರ್ಧನನ ದಂಡನಾಯಕ ಗಂಗರಾಜ. ಹೊರಗೆ ನೋಡಿದರೆ ಗೋಡೆ ಸಾದಾ, ಹಳೇಬೀಡಿನ ಅಬ್ಬರ ಏನೂ ಇಲ್ಲ. ಒಳಗೆ ಹೋಗಿ. ಕರಿಕಲ್ಲಿನ ಕಂಬಗಳು ಕನ್ನಡಿಯ ಹಾಗೆ ಹೊಳೆಯುತ್ತವೆ. ಬಾಗಿಲಿಂದ ಬಂದ ಬೆಳಕು ಕಂಬದಿಂದ ಕಂಬಕ್ಕೆ ಹೋಗುತ್ತದೆ. ಒಳಗಡೆ ಏಳು ಹೆಡೆಯ ಕೆಳಗೆ ಪಾರ್ಶ್ವನಾಥ ಎತ್ತರಕ್ಕೆ ನಿಂತಿದ್ದಾನೆ. ಮಧ್ಯಾಹ್ನದಲ್ಲೂ ಅಲ್ಲಿ ತಂಪು. ಎಷ್ಟೋ ಸಲ ನಮ್ಮ ಗಾಡಿಯವರು ಬಿಟ್ಟರೆ ಬೇರೆ ಯಾರೂ ಇರುವುದಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ರಾಜ ಬೇಲೂರಿನಲ್ಲಿ ಕೇಶವನಿಗೆ ಗುಡಿ ಕಟ್ಟಿಸಿದ. ರಾಣಿ ಶಾಂತಲೆ ಜೈನಳು. ರಾಜಧಾನಿಯಲ್ಲಿ ಎಲ್ಲಕ್ಕಿಂತ ದೊಡ್ಡ ಗುಡಿ ಶಿವನದು. ದಂಡನಾಯಕನ ಮಗ ಕಟ್ಟಿಸಿದ್ದು ಬಸದಿ. ಹೊಯ್ಸಳೇಶ್ವರ ಒಂದನ್ನೇ ನೋಡಿ ಹೋದವರಿಗೆ ಈ ಊರು ಹೀಗೆ ಬದುಕಿತ್ತು ಅಂತ ಗೊತ್ತೇ ಆಗುವುದಿಲ್ಲ.

ಅಲ್ಲೇ ಹತ್ತಿರ ಕೇದಾರೇಶ್ವರ. ಹೊಯ್ಸಳ ರಾಜ ಇಮ್ಮಡಿ ಬಲ್ಲಾಳ ಮತ್ತು ರಾಣಿ ಕೇತಲದೇವಿ 1219ರಲ್ಲಿ ಕಟ್ಟಿಸಿದ್ದು. ಸಣ್ಣದು, ಆದರೆ ಹೊರಗೋಡೆ ಸುತ್ತಿ ನೋಡಲೇಬೇಕು. ಅಲ್ಲಿಂದ ಹುಲಿಕೆರೆಗೆ ಹೊರಡಿ. ಹಳ್ಳಿಯ ದಾರಿ, ಬಸ್ಸು ಕಾಯುತ್ತಾ ಕೂತರೆ ಆಗುವುದಿಲ್ಲ. ಗಾಡಿಗೆ ಕೊಟ್ಟ ದುಡ್ಡು ಇಲ್ಲಿ ವಸೂಲಾಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಲ್ಯಾಣಿ, ಸುತ್ತ ಪುಟ್ಟ ಪುಟ್ಟ ಗುಡಿಗಳು. ಮೆಟ್ಟಿಲಿನ ಮೇಲೆ ಪಾಚಿ ಇದ್ದರೆ ಕೆಳಗೆ ಇಳಿಯಬೇಡಿ, ಮಕ್ಕಳ ಕೈ ಬಿಡಬೇಡಿ. ಹೊತ್ತು ಉಳಿದರೆ ಪುಷ್ಪಗಿರಿ ಗುಡ್ಡಕ್ಕೂ ಗಾಡಿ ಹೋಗುತ್ತದೆ. ದಾರಿಯಲ್ಲಿ ಕೋಟೆಗೋಡೆಯ ಕಲ್ಲುಗಳು ಅಲ್ಲಲ್ಲಿ ಕಾಣುತ್ತವೆ. ಡ್ರೈವರಿಗೆ ಹೇಳಿ ನಿಧಾನ ಮಾಡಿಸಿ.

ಮೂರು, ಮೂರೂವರೆಗೆ ಹೊಯ್ಸಳೇಶ್ವರ. ಮೊದಲು ಮ್ಯೂಸಿಯಂ ಮುಗಿಸಿ, ಅದು ಬೇಗ ಮುಚ್ಚುತ್ತದೆ. ಆಮೇಲೆ ಚಪ್ಪಲಿ ಬಿಟ್ಟು ಜಗತಿ ಹತ್ತಿ. ಕಲ್ಲು ಸಂಜೆವರೆಗೂ ಕಾದಿರುತ್ತದೆ, ಒಂದು ಜೊತೆ ಹಳೇ ಸಾಕ್ಸ್ ತನ್ನಿ. ನನ್ನ ಗಾಡಿಯ ಡಿಕ್ಕಿಯಲ್ಲಿ ನಾನು ಯಾವಾಗಲೂ ಒಗೆದ ಸಾಕ್ಸ್, ಎರಡು ಕೊಡೆ, ಒಂದು ಕ್ಯಾನ್ ನೀರು ಇಟ್ಟಿರುತ್ತೇನೆ.

ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿ. ಬುಡದಲ್ಲಿ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಅದರ ಮೇಲೆ ಪುರಾಣದ ಕಥೆಗಳು, ಆಮೇಲೆ ಮಕರ, ಹಂಸ. ಮಕ್ಕಳಿಗೆ ಆನೆಯ ಸಾಲು ತೋರಿಸಿ, ಒಂದರ ಹಾಗೆ ಇನ್ನೊಂದು ಇದೆಯಾ ಹುಡುಕಿ ಅನ್ನಿ. ದೊಡ್ಡವರು ಕಥೆಯ ಸಾಲಿನಲ್ಲಿ ನಿಲ್ಲಿ. ರಾಮಾಯಣ, ಮಹಾಭಾರತ, ಭಾಗವತ ಮೂರೂ ಇವೆ. ಮೇಲೆ ಕೈಲಾಸ ಎತ್ತುವ ರಾವಣ, ಗೋವರ್ಧನ ಹಿಡಿದ ಕೃಷ್ಣ. ಎಲ್ಲ ಬಳಪದ ಕಲ್ಲು. ತೆಗೆದ ಹೊಸದರಲ್ಲಿ ಮೆತ್ತಗಿದ್ದು, ಗಾಳಿ ತಗುಲಿ ಗಟ್ಟಿಯಾಗುವ ಕಲ್ಲು. ಅದಕ್ಕೇ ಇಷ್ಟು ಸಣ್ಣ ಕೆಲಸ ಸಾಧ್ಯವಾಗಿದೆ. ಮುಟ್ಟಬೇಡಿ, ದಯವಿಟ್ಟು. ಕೈ ಬೆವರಿನ ಎಣ್ಣೆಗೆ ಕಲ್ಲು ಕಪ್ಪಾಗಿರುವ ಜಾಗಗಳು ಕಣ್ಣಿಗೇ ಕಾಣುತ್ತವೆ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಸೇರಿದವು. ಕಾಯುವ ಕೆಲಸ ನೋಡಲು ಬರುವವರದ್ದೂ ಹೌದು.

ಹೊರಡುವ ಮುಂಚೆ ದೇವಸ್ಥಾನದ ದಕ್ಷಿಣಕ್ಕೆ ಇರುವ ಗರುಡ ಕಂಬದ ಹತ್ತಿರ ಹೋಗಿ. ಗೈಡ್ ತೋರಿಸದಿದ್ದರೆ ನೀವೇ ಕೇಳಿ. ಈ ಕಂಬ ಕುವರ ಲಕ್ಷ್ಮನ ನೆನಪಿನದು, ಅವನು ಇಮ್ಮಡಿ ಬಲ್ಲಾಳನ ದಂಡನಾಯಕ. ರಾಜನ ಜೊತೆಗೇ ಸಾಯುತ್ತೇವೆ ಅಂತ ಭಾಷೆ ಕೊಟ್ಟವರನ್ನು ಗರುಡರು ಅನ್ನುತ್ತಿದ್ದರು. 1220ರಲ್ಲಿ ಬಲ್ಲಾಳ ತೀರಿಕೊಂಡಾಗ ಲಕ್ಷ್ಮ, ಅವನ ಹೆಂಡತಿ, ಜೊತೆಗಾರರು ಕೊಟ್ಟ ಮಾತು ನಡೆಸಿದರು. ಕಂಬದ ಮೇಲೆ ಕತ್ತಿ ಹಿಡಿದು ತಮ್ಮ ತಲೆಯನ್ನು ತಾವೇ ಕೊಡುತ್ತಿರುವ ವೀರರನ್ನು ಕೆತ್ತಿದ್ದಾರೆ. ಶಾಸನ ಅರ್ಧಕ್ಕೇ ನಿಂತಿದೆ. ನೂರಾರು ಜನ ಇದರ ಪಕ್ಕದಲ್ಲೇ ನಡೆದುಹೋಗುತ್ತಾರೆ, ನೋಡುವುದಿಲ್ಲ. ನನ್ನ ಗಾಡಿಯಲ್ಲಿ ಬಂದವರಿಗೆ ಕೈ ಹಿಡಿದಾದರೂ ತೋರಿಸುತ್ತೇನೆ.

ಚಿಕ್ಕಮಗಳೂರಿನಲ್ಲಿ ಉಳಿದುಕೊಂಡವರಿಗೆ ಬೇಲೂರು ಇನ್ನೂ ಹತ್ತಿರ, 25 ಕಿಲೋಮೀಟರ್. ಅವರು ದೊಡ್ಡಗದ್ದವಳ್ಳಿ ಬಿಟ್ಟು, ಅದರ ಬದಲು ಹಳೇಬೀಡಿನ ಆಚೆಯ ಬೆಳವಾಡಿಯ ವೀರನಾರಾಯಣನನ್ನು ಸೇರಿಸಿಕೊಳ್ಳಲಿ. ವಾಪಸ್ ದಾರಿಗೆ ಸರಿಹೋಗುತ್ತದೆ. ಆದರೆ ಆಗ ಹುಲಿಕೆರೆಯನ್ನು ಬೇಗ ಮುಗಿಸಬೇಕು, ಬೆಳವಾಡಿಯನ್ನು ಕತ್ತಲಾಗುವ ಮುಂಚೆ ನೋಡಬೇಕು.

ರಾತ್ರಿ ಹಾಸನದಿಂದ ರೈಲು ಇದ್ದರೆ ಹಳೇಬೀಡಿನಿಂದ ಹೊರಡುವ ಹೊತ್ತಿಗೂ ರೈಲಿನ ಹೊತ್ತಿಗೂ ನಡುವೆ ಎರಡು ಗಂಟೆ ಇಟ್ಟುಕೊಳ್ಳಿ. ಕತ್ತಲಾದ ಮೇಲೆ ಆ ರಸ್ತೆಯಲ್ಲಿ ದನ, ಟ್ರ್ಯಾಕ್ಟರ್ ಅಡ್ಡ ಬರುತ್ತವೆ. ಯಾರೂ ಜೋರಾಗಿ ಓಡಿಸಬಾರದು, ನೀವೂ ಓಡಿಸಿ ಅನ್ನಬೇಡಿ. ಇಳಿಯುವಾಗ ಸೀಟಿನ ಕೆಳಗೆ ಒಮ್ಮೆ ನೋಡಿ, ಚಾರ್ಜರು, ಕನ್ನಡಕ ಜಾಸ್ತಿ ಉಳಿಯುವುದು ಅಲ್ಲೇ. ಮಾತಾಡಿದ ಮೊತ್ತ ಕೊಟ್ಟು, ಡ್ರೈವರಿನ ನಂಬರು ಬರೆದುಕೊಳ್ಳಿ. ಹಾಸನದ ಸುತ್ತ ಮೊಸಳೆ, ಕೋರವಂಗಲ ಅನ್ನುವ ಊರುಗಳ ದೇವಸ್ಥಾನಗಳು ಇನ್ನೂ ಬಾಕಿ ಇವೆ. ಅವೆರಡಕ್ಕೂ ಸೇರಿ ಅರ್ಧ ದಿನ ಸಾಕು.